ಹಗ್ಗದ ಮೇಲಿನ ತುದಿ

ಬಹ್ರೇನಿನಲ್ಲಿ ಮಾಹೂಝಿನ ಪಕ್ಕದ ಬಡಾವಣೆ ಜುಫೇರ್. ಅಮೆರಿಕದ ಐದನೇ ನೌಕಾದಳದ ನೆಲೆ ಇರುವುದು ಅಲ್ಲಿಯೇ. ಹಾಗಾಗಿ ಈ ಭಾಗದ ಬಾಡಿಗೆ ಯಾವತ್ತೂ ಇಳಿಯುವುದಿಲ್ಲ ಎಂದು ಮನೆ ತೋರಿಸುವ ದಲ್ಲಾಳಿಗಳು ಹೇಳುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಆ ನೆಲೆಯಲ್ಲಿ ಟಾಸ್ಕ್ ಫೋರ್ಸ್ 59 ಎಂಬ ಹೊಸ ದಳ ಹುಟ್ಟಿಕೊಂಡಿತು. ಆಳಿಲ್ಲದ ದೋಣಿಗಳನ್ನು ಕೊಲ್ಲಿಯಲ್ಲಿ ಬಿಟ್ಟು ಕಣ್ಗಾವಲು ಇಡುವುದು ಅದರ ಕೆಲಸ. ಆ ದೋಣಿಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಸೇಲ್‌ಡ್ರೋನ್ ಎಕ್ಸ್‌ಪ್ಲೋರರ್. ಏಳು ಮೀಟರ್ ಉದ್ದದ ಒಡಲು, ಅದರ ಮೇಲೆ ನೆಟ್ಟಗೆ ನಿಂತ ಗಟ್ಟಿ ಹಾಯಿ. ಓಡಿಸುವುದಕ್ಕೆ ಗಾಳಿ, ಕ್ಯಾಮೆರಾ ಮತ್ತು ಸೆನ್ಸರುಗಳಿಗೆ ಬಿಸಿಲು. 2021ರ ಸೆಪ್ಟೆಂಬರ್ 30ರಂದು ಇದೇ ಜಾತಿಯ ದೋಣಿಯೊಂದು ಅಟ್ಲಾಂಟಿಕ್‌ನಲ್ಲಿ ಸ್ಯಾಮ್ ಚಂಡಮಾರುತದ ಹೊಟ್ಟೆಗೇ ನುಗ್ಗಿ, 15 ಮೀಟರ್ ಎತ್ತರದ ಅಲೆಗಳ ನಡುವಿನಿಂದ ವಿಡಿಯೊ ಕಳಿಸಿತು. ಮರುವರ್ಷ ಆಗಸ್ಟಿನಲ್ಲಿ ಕೊಲ್ಲಿಯಲ್ಲಿದ್ದ ಇಂಥದ್ದೇ ಒಂದಕ್ಕೆ ಇರಾನಿನ ಹಡಗು ಹಗ್ಗ ಕಟ್ಟಿ ಎಳೆದುಕೊಂಡು ಹೊರಟಿತು. ಅಮೆರಿಕದ ನೌಕೆ ಹಿಂದೆಬಿದ್ದು ಬಿಡಿಸಿಕೊಳ್ಳಬೇಕಾಯಿತು. ಒಂದೇ ಮೈಕಟ್ಟು ಒಂದು ಕಡೆ ಹವಾಮಾನದವರಿಗೆ ದುಡಿಯುತ್ತದೆ, ಇನ್ನೊಂದು ಕಡೆ ಸೇನೆಗೆ.

ವಿನ್ಯಾಸದ ಮಟ್ಟಿಗೆ ಇದು ಮೆಚ್ಚಬೇಕಾದ ಕೆಲಸ. ಎಂಜಿನ್ ತೆಗೆದರು, ಇಂಧನ ತೆಗೆದರು, ಆಳನ್ನು ತೆಗೆದರು. ಉಳಿದದ್ದು ತಿಂಗಳುಗಟ್ಟಲೆ ಸಮುದ್ರದ ಮೇಲೆ ಇರಬಲ್ಲದು. ಆದರೆ ಇದು ನೋಡುವ ಯಂತ್ರ, ಏನನ್ನೂ ಮುಟ್ಟುವುದಿಲ್ಲ. ಸಮುದ್ರದ ತಳವಾಗಲಿ ಮನುಷ್ಯನ ಹೊಟ್ಟೆಯಾಗಲಿ, ಕಷ್ಟ ಶುರುವಾಗುವುದು ಮುಟ್ಟಿದ ಮೇಲೆ. ಈಚಿನ ರೋಬೋಟುಗಳನ್ನು ಕುರಿತ ಹೊಗಳಿಕೆಯೆಲ್ಲ ಅವು ಎಷ್ಟು ಸ್ವತಂತ್ರ, ಎಷ್ಟು ಚುರುಕು ಎಂಬುದರ ಸುತ್ತಲೇ ಇದೆ. ನಾನು ಅಳೆಯುವುದು ಬೇರೆ ರೀತಿ. ಕೆಳಗೆ ಯಂತ್ರಕ್ಕೆ ತಗಲಿದ್ದರಲ್ಲಿ ಎಷ್ಟು ಪಾಲು ಮೇಲೆ ಕೂತ ಮನುಷ್ಯನ ಕೈಗೆ ಮುಟ್ಟುತ್ತದೆ? ಆ ಮೇಲಿನ ತುದಿಯಲ್ಲಿ ಕೂತವರು ಯಾರು, ಲೆಕ್ಕ ಬರೆಯುವವರು ಯಾರು?

ಬಹ್ರೇನಿಗೆ ಈ ಪ್ರಶ್ನೆ ಹಳೆಯದು. 1932ರಲ್ಲಿ ತೈಲ ಸಿಗುವ ಮೊದಲು ಈ ದ್ವೀಪ ಬದುಕಿದ್ದು ಮುತ್ತಿನ ಮೇಲೆ. ಮುಳುಗುವವನು ಮೂಗಿಗೆ ಕ್ಲಿಪ್ಪು ಸಿಕ್ಕಿಸಿ, ಕಾಲಿಗೆ ಕಲ್ಲಿನ ಭಾರ ಕೊಟ್ಟುಕೊಂಡು ಇಳಿಯುತ್ತಿದ್ದ. ದೋಣಿಯಲ್ಲಿ ಸೈಬ್ ಎಂಬ ಜತೆಗಾರ ಹಗ್ಗ ಹಿಡಿದು ನಿಲ್ಲುತ್ತಿದ್ದ. ಕೆಳಗೆ ನಡೆಯುವುದು ಅವನಿಗೆ ಕಾಣುತ್ತಿರಲಿಲ್ಲ. ಹಗ್ಗ ಜಗ್ಗಿತೋ, ಎಳೆಯಬೇಕು. ಇಬ್ಬರ ನಡುವೆ ಬೇರೆ ಮಾತಿಲ್ಲ. ಲೆಕ್ಕದ ಪುಸ್ತಕ ಮಾತ್ರ ದೋಣಿಯ ನಾಯಕನಾದ ನಾಖುದನ ಕೈಯಲ್ಲಿ. ಈ ಹಂಗಾಮಿನ ಸಾಲ ಮುಂದಿನ ಹಂಗಾಮಿಗೆ ಏರುತ್ತಿತ್ತು, ಮುಳುಗುವವನು ಅದರಿಂದ ತಲೆಯೆತ್ತುವುದು ಅಪರೂಪ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮುಹರ್ರಕ್‌ನ ಮುತ್ತಿನ ಹಾದಿಯಲ್ಲಿ ವರ್ತಕರ ಮನೆಗಳನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ನೋಡಿ ಬರಬೇಕಾದ ಜಾಗ.

ಆ ಹಗ್ಗದ ಕೆಲಸವನ್ನು ಸರಿಯಾಗಿ ಅರ್ಥಮಾಡಿಕೊಂಡ ಯಂತ್ರವೆಂದರೆ ಓಷನ್‌ಒನ್. ಕಟ್ಟಿದವರು ಸ್ಟ್ಯಾನ್‌ಫರ್ಡ್‌ನ ಒಸಾಮಾ ಖತೀಬ್, ಸಿರಿಯಾದ ಅಲೆಪ್ಪೊದಲ್ಲಿ ಹುಟ್ಟಿದವರು. ಸೌದಿಯ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದ ಜತೆ, ಕೆಂಪು ಸಮುದ್ರದ ಹವಳಗಳನ್ನು ಅಭ್ಯಾಸ ಮಾಡಬೇಕೆಂಬ ಉದ್ದೇಶದಿಂದ ಶುರುವಾದ ಯೋಜನೆ ಅದು. ಅದಕ್ಕೆ ಮೊದಲು ಸಮುದ್ರಕ್ಕಿಳಿಯುತ್ತಿದ್ದ ರೋಬೋಟು ಕೈಗಳು ಬಹುಪಾಲು ತೈಲ ಕಂಪನಿಗಳ ಅಗತ್ಯಕ್ಕೆ ಮಾಡಿದ ಇಕ್ಕಳಗಳು. ವಾಲ್ವ್ ತಿರುಗಿಸಲು ಅವು ಸಾಕು. ಹವಳಕ್ಕೆ ಹಾಕಿದರೆ ಮುರಿದೇ ಬರುತ್ತದೆ. ಓಷನ್‌ಒನ್‌ಗೆ ಎರಡು ಕಣ್ಣು, ಎರಡು ತೋಳು. ಅದರ ಕೈಗೆ ತಗಲಿದ ಬಲ ಕೇಬಲ್ ಹತ್ತಿ ಬಂದು, ದೋಣಿಯಲ್ಲಿ ಕೂತವನು ಹಿಡಿದ ಹಿಡಿಕೆಯಲ್ಲಿ ಪ್ರತಿಬಲವಾಗಿ ಒತ್ತುತ್ತದೆ. 2016ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯಾಚೆ, 1664ರಲ್ಲಿ ಮುಳುಗಿದ ಹದಿನಾಲ್ಕನೇ ಲೂಯಿಯ ಲಾ ಲ್ಯೂನ್ ಹಡಗಿನ ಅವಶೇಷದ ಬಳಿಗೆ ಅದನ್ನು ಇಳಿಸಿದರು. ಸುಮಾರು 100 ಮೀಟರ್ ಆಳ. ಅಲ್ಲಿಂದ ಒಂದು ಪುಟ್ಟ ಹೂಜಿಯನ್ನು ಒಡೆಯದೆ ಎತ್ತಿ ಬುಟ್ಟಿಯಲ್ಲಿಟ್ಟಿತು. ಮೇಲೆ ಕೂತ ಖತೀಬ್ ಅವರ ಕೈಗೆ ಅದರ ಭಾರವೂ ತಿಳಿಯುತ್ತಿತ್ತು. 2022ರ ಹೊತ್ತಿಗೆ ಇದರ ತಮ್ಮ 850 ಮೀಟರ್ ದಾಟಿದ. ಒಂದು ಹಡಗು, ಒಂದು ತಂಡ, ಒಂದೇ ಯಂತ್ರ. ದುಬಾರಿ ವ್ಯವಹಾರವೆಂಬುದು ನಿಜ. ಆದರೂ ನನ್ನ ಅಳತೆಯಲ್ಲಿ ಇದು ಗೆದ್ದ ಯಂತ್ರ.

ಆಪರೇಷನ್ ಥಿಯೇಟರಿಗೆ ಬಂದರೆ ಕತೆ ತಿರುವುಮುರುವು. ಮಾಹೂಝ್, ಉಮ್ಮಲ್ ಹಸಮ್ ಕಡೆಯ ಕನ್ನಡ ಮನೆಗಳಲ್ಲಿ ಈಗ ಆಗಾಗ ಕೇಳಿಸುವ ಮಾತು: ‘ರಜೆಯಲ್ಲಿ ಊರಿಗೆ ಹೋದಾಗ ರೋಬೋಟಿನ ಹತ್ತಿರ ಆಪರೇಷನ್ ಮಾಡಿಸಿಕೊಂಡು ಬಂದೆ.’ ಮಾಡಿದ್ದು ರೋಬೋಟಲ್ಲ. ರೋಗಿಯಿಂದ ನಾಲ್ಕು ಹೆಜ್ಜೆ ದೂರದ ಕನ್ಸೋಲಿಗೆ ಮುಖ ಕೊಟ್ಟು ಕೂತ ಡಾಕ್ಟರು. ಹೆಚ್ಚಿನ ಕಡೆ ಆ ಯಂತ್ರ ಇಂಟ್ಯೂಟಿವ್ ಕಂಪನಿಯ ಡಾ ವಿಂಚಿ. 2000ದಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆದ ಇದು ಕೈನಡುಕವನ್ನು ಸೋಸುತ್ತದೆ, ಮಣಿಕಟ್ಟಿಗಿಂತ ಹೆಚ್ಚು ತಿರುಗುತ್ತದೆ, ಆಳವನ್ನು ಮೂರು ಆಯಾಮದಲ್ಲಿ ಹಿಗ್ಗಿಸಿ ತೋರಿಸುತ್ತದೆ. ಕೂತು ಮಾಡುವುದರಿಂದ ಡಾಕ್ಟರ ಬೆನ್ನು, ಕತ್ತು ಉಳಿಯುತ್ತವೆ. ಇದನ್ನು ಸಣ್ಣ ಲಾಭ ಎನ್ನುವವರು ಆರು ಗಂಟೆ ಬಾಗಿ ನಿಂತವರಲ್ಲ. ಆದರೆ ಎರಡು ದಶಕಕ್ಕೂ ಹೆಚ್ಚು ಕಾಲ ಈ ಯಂತ್ರದಲ್ಲಿ ಸ್ಪರ್ಶವಿರಲಿಲ್ಲ. ದಾರ ಎಷ್ಟು ಬಿಗಿಯಾಯಿತು, ಕರುಳಿನ ಗೋಡೆ ಎಷ್ಟು ಎಳೆಯಿತು ಎಂಬುದನ್ನು ಡಾಕ್ಟರು ಕಣ್ಣಳತೆಯಲ್ಲಿ ಊಹಿಸಬೇಕಿತ್ತು. ಅಭ್ಯಾಸವಾದವರು ಊಹಿಸಿದರು ಕೂಡ, ಚೆನ್ನಾಗಿಯೇ. ಕಂಪನಿಗೆ ಅದೇ ಸಬೂಬಾಯಿತು. ಬಲವನ್ನು ಕೈಗೆ ತಿಳಿಸುವ ಉಪಕರಣಗಳು ಬಂದದ್ದು 2024ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕ ಡಾ ವಿಂಚಿ 5ರ ಜತೆಗೆ.

ಡಾ ವಿಂಚಿಯ ಉಪಕರಣಗಳಲ್ಲಿ ಇನ್ನೊಂದು ಜಾಣತನ ಮೊದಲಿನಿಂದಲೂ ಇತ್ತು. ಕತ್ತರಿ, ಚಿಮುಟ ಮುಂತಾದವುಗಳ ಒಳಗೊಂದು ಚಿಪ್. ಎಷ್ಟು ಸಲ ಬಳಸಿದಿರಿ ಎಂದು ಅದು ಎಣಿಸುತ್ತದೆ. ಮಿತಿ ಮುಟ್ಟಿದೊಡನೆ ಯಂತ್ರ ಆ ಉಪಕರಣವನ್ನು ಒಪ್ಪುವುದಿಲ್ಲ, ಸವೆದಿರಲಿ ಬಿಡಲಿ. ಬಹಳ ಕಾಲ ಅನೇಕ ಉಪಕರಣಗಳಿಗೆ ಈ ಮಿತಿ ಹತ್ತು ಬಾರಿ. 2020ರಲ್ಲಿ ಕೆಲವಕ್ಕೆ ಹನ್ನೆರಡರಿಂದ ಹದಿನೆಂಟಕ್ಕೆ ಏರಿಸಿದರು. ಸವೆದ ಕತ್ತರಿ ಅಪಾಯ ಎಂಬುದು ಕಂಪನಿಯ ವಾದ. ದುರಸ್ತಿ ಮಾಡಿ ಕೊಡುತ್ತೇವೆಂದ ಬೇರೆ ಕಂಪನಿಗಳು ಅಮೆರಿಕದಲ್ಲಿ ಕೋರ್ಟಿಗೆ ಹೋದವು. ವಾದ ಏನೇ ಇರಲಿ, ಕ್ರಮ ಗಮನಿಸಿ. ತನ್ನನ್ನು ಎಷ್ಟು ಸಲ ಬಳಸಿದರು ಎಂದು ನೆನಪಿಡುವುದನ್ನು ಯಂತ್ರ ಮೊದಲು ಕಲಿಯಿತು. ತಾನು ಎಷ್ಟು ಬಲವಾಗಿ ಎಳೆಯುತ್ತಿದ್ದೇನೆ ಎಂದು ಹೇಳುವುದನ್ನು ಆಮೇಲೆ. ನಾಖುದನ ಪುಸ್ತಕ ಚಿಪ್ಪಿನೊಳಗೆ ಸೇರಿತು, ಹಗ್ಗ ಹಿಂದೆ ಉಳಿಯಿತು.

ಫಲಿತಾಂಶದ ಮಾತು ಬಂದಾಗಲೂ ಜಾಹೀರಾತಿನಷ್ಟು ಉತ್ಸಾಹ ಪಡಲಾರೆ. ಪ್ರಾಸ್ಟೇಟ್ ತೆಗೆಯುವ ಶಸ್ತ್ರಕ್ರಿಯೆಯಲ್ಲಿ ತೆರೆದ ವಿಧಾನವನ್ನೂ ರೋಬೋಟನ್ನೂ ಹೋಲಿಸಿದ ಆಸ್ಟ್ರೇಲಿಯಾದ ಬ್ರಿಸ್ಬೇನ್ ಅಧ್ಯಯನದಲ್ಲಿ ರೋಬೋಟಿನ ಕಡೆ ರಕ್ತಸ್ರಾವ ಕಡಿಮೆ. ಎರಡು ವರ್ಷದ ನಂತರ ಮೂತ್ರದ ಹಿಡಿತ, ಲೈಂಗಿಕ ಸಾಮರ್ಥ್ಯಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. 2018ರಲ್ಲಿ ಆರಂಭದ ಹಂತದ ಗರ್ಭಕಂಠ ಕ್ಯಾನ್ಸರಿನ ಬಗ್ಗೆ ಬಂದ ಅಧ್ಯಯನವಂತೂ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ನಾಲ್ಕೂವರೆ ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ತೆರೆದ ಶಸ್ತ್ರಕ್ರಿಯೆಯಲ್ಲಿ ಶೇ. 96.5, ಸಣ್ಣ ರಂಧ್ರದ ವಿಧಾನದಲ್ಲಿ ಶೇ. 86. ಆ ಎರಡನೇ ಗುಂಪಿನಲ್ಲಿ ಹೆಚ್ಚಿನವರದು ಲ್ಯಾಪರೋಸ್ಕೋಪಿ, ರೋಬೋಟಿನದು ಸಣ್ಣ ಪಾಲು. ಹಾಗಾಗಿ ತಪ್ಪನ್ನೆಲ್ಲ ರೋಬೋಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಣ್ಣ ಗಾಯ ಎಂದರೆ ಒಳ್ಳೆಯ ಚಿಕಿತ್ಸೆ ಎಂಬ ನಂಬಿಕೆಗೆ ಬಿದ್ದ ಪೆಟ್ಟು ಅದು. ನಮ್ಮಲ್ಲಿ ಕರಪತ್ರ ಮುದ್ರಿಸುವ ಆಸ್ಪತ್ರೆಗಳು ಈ ಅಂಕಿಗಳನ್ನು ಹಾಕುವುದಿಲ್ಲ.

ಮೃದು ರೋಬೋಟುಗಳದು ಇನ್ನೊಂದು ದಾರಿ. ಗಟ್ಟಿ ಕೈಗೆ ಸ್ಪರ್ಶ ಕಲಿಸುವ ಬದಲು ಕೈಯನ್ನೇ ಮೆತ್ತಗೆ ಮಾಡುವುದು. ಹಾರ್ವರ್ಡ್‌ನ ಸಂಶೋಧಕರು ಸಿಲಿಕೋನ್ ಬೆರಳುಗಳಿಂದ ಕೆಂಪು ಸಮುದ್ರದಲ್ಲಿ ಹವಳದ ಮಾದರಿ ಎತ್ತಿದರು. ಅದೇ ವಿಶ್ವವಿದ್ಯಾಲಯದವರು 2017ರಲ್ಲಿ ಅದೇ ಬಗೆಯ ಮೆತ್ತನೆ ವಸ್ತುವಿನ ಕವಚವನ್ನು ಹಂದಿಯ ಹೃದಯಕ್ಕೆ ಹೊರಗಿನಿಂದ ತೊಡಿಸಿ, ಸೋತ ಹೃದಯವನ್ನು ಒತ್ತಿ ಒತ್ತಿ ನಡೆಸಿದರು. ರಕ್ತಕ್ಕೆ ಯಂತ್ರ ತಾಗುವುದೇ ಇಲ್ಲವಾದ್ದರಿಂದ ಹೆಪ್ಪುಗಟ್ಟುವ ಭಯ ಕಡಿಮೆ. 2021ರಲ್ಲಿ ಚೀನಾದವರ ಮೃದು ಮೀನು ಮರಿಯಾನಾ ಕಂದಕದ 10,900 ಮೀಟರ್ ಆಳದಲ್ಲಿ ‘ಈಜಿತು’ ಎಂದು ಪತ್ರಿಕೆಗಳು ಬರೆದವು. ಅಲ್ಲಿ ಅದು ಇಳಿಸುಯಂತ್ರಕ್ಕೆ ಕಟ್ಟಿಕೊಂಡೇ ರೆಕ್ಕೆ ಬಡಿದದ್ದು. ಬಿಡುಬೀಸಾಗಿ ಈಜಿದ್ದು 3,224 ಮೀಟರಿನಲ್ಲಿ. ಅದೂ ಕಡಿಮೆಯೇನಲ್ಲ. ಒತ್ತಡ ತಡೆಯುವ ಉಕ್ಕಿನ ಪೆಟ್ಟಿಗೆ ಕಟ್ಟದೆ, ಎಲೆಕ್ಟ್ರಾನಿಕ್ ಭಾಗಗಳನ್ನು ಬಿಡಿಬಿಡಿಯಾಗಿ ಸಿಲಿಕೋನ್‌ನಲ್ಲಿ ಹುದುಗಿಸಿದ್ದು ನಿಜವಾದ ಹೊಸತನ. ಆಳದಲ್ಲಿ ಬದುಕುವ ಸ್ನೇಲ್‌ಫಿಶ್ ಮೀನಿನ ತಲೆಬುರುಡೆಯೂ ಹೀಗೇ ಬಿಡಿ ಬಿಡಿ.

ಇಷ್ಟೆಲ್ಲದರಲ್ಲಿ ನನಗೆ ಅತಿ ಸೊಗಸಾಗಿ ಕಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಕೆಲಸ. ಅದರಲ್ಲಿ ಮೋಟಾರಿಲ್ಲ, ಬ್ಯಾಟರಿಯಿಲ್ಲ, ಕಂಪ್ಯೂಟರೂ ಇಲ್ಲ. ಇದರ ಹಿಂದೆ ಭೌತವಿಜ್ಞಾನಿ ಪರ್ಸೆಲ್ 1970ರ ದಶಕದಲ್ಲಿ ಎತ್ತಿದ ಒಂದು ತಮಾಷೆಯ ಸಮಸ್ಯೆಯಿದೆ. ಚಿಪ್ಪನ್ನು ತೆರೆದು ಮುಚ್ಚಿ ಈಜುವ ಜೀವಿ ಬ್ಯಾಕ್ಟೀರಿಯಾದಷ್ಟು ಚಿಕ್ಕದಾದರೆ ಏನಾಗುತ್ತದೆ? ಆ ಗಾತ್ರಕ್ಕೆ ನೀರೆಂದರೆ ನಮಗೆ ಜೋನಿಬೆಲ್ಲದ ಕೊಪ್ಪರಿಗೆ ಇದ್ದ ಹಾಗೆ. ಮುಚ್ಚಿದಾಗ ಮುಂದೆ ಹೋದಷ್ಟೇ ತೆರೆದಾಗ ಹಿಂದೆ. ದಿನವಿಡೀ ಬಡಿದರೂ ಇದ್ದಲ್ಲೇ. ದಾಟುವ ಉಪಾಯವೆಂದರೆ ತಿರುಪಿನಂತೆ ಕೊರೆದುಕೊಂಡು ಹೋಗುವುದು. 2009ರಲ್ಲಿ ಹಾರ್ವರ್ಡ್‌ನಲ್ಲಿದ್ದಾಗ ಅಂಬರೀಶ್ ಘೋಷ್ ಮತ್ತು ಪೀರ್ ಫಿಷರ್ ಗಾಜಿನ ಅಂಥ ಸುರುಳಿಗಳನ್ನು ಮಾಡಿ, ಸುತ್ತುವ ಕಾಂತಕ್ಷೇತ್ರದಿಂದ ನಡೆಸಿದರು. ಮುಂದೆ ವಿಜ್ಞಾನ ಸಂಸ್ಥೆಯಲ್ಲಿ, ಅಲ್ಲೇ ಹುಟ್ಟಿದ ಥೆರಾನಾಟಿಲಸ್ ಕಂಪನಿಯ ಜತೆ, ಈ ಸುರುಳಿಗಳು ಹಲ್ಲಿನೊಳಕ್ಕೆ ಹೊಕ್ಕವು. ರೂಟ್ ಕೆನಾಲ್ ಮಾಡಿದ ಮೇಲೂ ಹಲ್ಲಿನ ಸೂಕ್ಷ್ಮ ನಾಳಗಳಲ್ಲಿ ಬ್ಯಾಕ್ಟೀರಿಯಾ ಅಡಗಿ ಕೂರುತ್ತವೆ. ಔಷಧಿಯ ನೀರು ಅಷ್ಟು ಒಳಗೆ ಹೋಗುವುದಿಲ್ಲ. 2022ರಲ್ಲಿ ಪ್ರಕಟವಾದ ಕೆಲಸದಲ್ಲಿ ಕಬ್ಬಿಣ ಲೇಪಿಸಿದ ಸುರುಳಿಗಳು ಕಿತ್ತ ಹಲ್ಲಿನ ನಾಳಗಳಲ್ಲಿ 2,000 ಮೈಕ್ರೊಮೀಟರ್, ಅಂದರೆ ಎರಡು ಮಿಲಿಮೀಟರ್ ಒಳಹೋಗಿ, ಅಲ್ಲೇ ಬಿಸಿಯಾಗಿ ಬ್ಯಾಕ್ಟೀರಿಯಾಗಳನ್ನು ಕೊಂದವು. ಕಾಂತಕ್ಷೇತ್ರ ಬದಲಿಸಿದರೆ ವಾಪಸೂ ಬರುತ್ತವೆ. 2025ರಲ್ಲಿ ಅದೇ ತಂಡ ಜುಮ್ಮೆನ್ನುವ ಹಲ್ಲಿಗೆ, ನಾಳಗಳನ್ನು ಒಳಗಿನಿಂದ ಮುಚ್ಚುವ ಕಣಗಳನ್ನು ತಂದಿತು. ಚಿಕಿತ್ಸೆಯಾದ ಇಲಿಗಳು ಮತ್ತೆ ತಣ್ಣೀರು ಕುಡಿದವು. ಇಲಿ ಕುಡಿದದ್ದನ್ನು ಮನುಷ್ಯ ಗುಣವಾದ ಎಂದು ಓದಿಕೊಳ್ಳುವ ಆತುರ ಬೇಡ. ನನ್ನ ಅಳತೆಯಲ್ಲಿ ಇಲ್ಲೂ ಒಂದು ಕೊರತೆಯಿದೆ: ಆಜ್ಞೆ ಕೆಳಗೆ ಹೋಗುತ್ತದೆ, ಒಳಗೆ ಏನು ತಗಲಿತೆಂಬ ಸುದ್ದಿ ದಂತವೈದ್ಯರ ಕೈಗೆ ಬರುವುದಿಲ್ಲ. ಆದರೂ ಬುದ್ಧಿಯನ್ನೆಲ್ಲ ಆಕಾರಕ್ಕೇ ತುಂಬಿದ ವಿನ್ಯಾಸ ಇದು.

ಇನ್ನು ನಮ್ಮೂರಿನ ನೀರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಜರಿದು ಗಂಗಾವಳಿ ನದಿಗೆ ಇಳಿಯಿತು. ಬಹ್ರೇನಿನಲ್ಲಿರುವ ಕರಾವಳಿ ಕನ್ನಡಿಗರೂ ಮಲಯಾಳಿಗಳೂ ಆ ದಿನಗಳಲ್ಲಿ ಫೋನಿನಿಂದ ಕಣ್ಣು ತೆಗೆಯಲಿಲ್ಲ. ಕೇರಳದ ಲಾರಿ ಚಾಲಕನೊಬ್ಬ ಲಾರಿಯೊಡನೆ ಕಾಣೆಯಾಗಿದ್ದ. ಯಂತ್ರಗಳಿಗೆ ಕೊರತೆಯಿರಲಿಲ್ಲ. ಡ್ರೋನಿಗೆ ಕಟ್ಟಿದ ರಾಡಾರ್ ಬಂತು, ನೌಕಾಪಡೆಯ ಸೋನಾರ್ ಬಂತು, ನೀರಿನಡಿ ಲೋಹವಿರುವ ಜಾಗಗಳನ್ನು ಗುರುತಿಸಿದ್ದೂ ಆಯಿತು. ಇಳಿಯುವುದಕ್ಕೆ ಮಾತ್ರ ಯಾವುದೂ ಆಗಲಿಲ್ಲ. ಮಳೆಗಾಲದ ಸೆಳವಿಗೆ ಎದುರಾಗಿ ಇಳಿದದ್ದು ಮುಳುಗುಗಾರ ಈಶ್ವರ ಮಲ್ಪೆ ಮತ್ತು ಸಂಗಡಿಗರು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಒಮ್ಮೆ ಹಗ್ಗವೇ ತುಂಡಾಗಿ ಅವರು ಕೊಚ್ಚಿಹೋಗಿದ್ದರು, ನೌಕಾಪಡೆಯವರು ಹಿಡಿದೆತ್ತಿದರು. ಲಾರಿ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜರ್ ತರಿಸಿದ ನಂತರ.

ಇದೇ ಭಾರತದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ವರಾಹ ಯಂತ್ರ 2021ರಲ್ಲಿ ಹಿಂದೂ ಮಹಾಸಾಗರದಲ್ಲಿ 5,270 ಮೀಟರ್ ಆಳದ ತಳದ ಮೇಲೆ ಓಡಾಡಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಸರ್ಕಾರವನ್ನು ಬೈಯುವುದು ಸುಲಭ, ಎಂಜಿನಿಯರಿಗೆ ಅದು ಪೂರ್ತಿ ಒಪ್ಪುವ ಮಾತಲ್ಲ. ಆಳ ಸಮುದ್ರ ಕತ್ತಲೆ ಹೌದು, ತಂಪು ಹೌದು, ಒತ್ತಡ ಭಯಂಕರ. ಆದರೆ ನೀರು ಹೆಚ್ಚುಕಮ್ಮಿ ಶಾಂತ. ಆಷಾಢದ ಗಂಗಾವಳಿಯಲ್ಲಿ ಆಳ ಏನೂ ಅಲ್ಲ. ಸೆಳವು, ಕೆಸರು, ಮರದ ದಿಮ್ಮಿ, ಕುಸಿದ ಬಂಡೆ. ಮಾರುಕಟ್ಟೆಯಲ್ಲಿ ಸಿಗುವ ಈಜುವ ರೋಬೋಟುಗಳು ತಮ್ಮ ಪಂಖದ ಬಲದ ಮೇಲೆ ನಿಲ್ಲುವಂಥವು. ಅಂಥ ಸೆಳವಿನಲ್ಲಿ ಅವುಗಳ ಕೇಬಲೇ ಅವುಗಳನ್ನು ಎಳೆದುಕೊಂಡು ಹೋಗುತ್ತದೆ. ಕಲಕಿದ ಕೆಸರಿನಲ್ಲಿ ಕ್ಯಾಮೆರಾ ಕುರುಡು. ನೀರೊಳಗೆ ರೇಡಿಯೊ ಸಂಕೇತ ದೂರ ಹೋಗದಿರುವುದರಿಂದ ಕೇಬಲ್ ಬಿಚ್ಚುವ ಹಾಗೂ ಇಲ್ಲ.

ನದಿಗೆ ಬೇಕಾದದ್ದು ಈಜುವ ಯಂತ್ರವಲ್ಲ, ತೆವಳುವ ಯಂತ್ರ. ವರಾಹದಂತೆ ಸರಪಳಿ ಗಾಲಿಯ ಮೇಲೆ ತಳವನ್ನು ಕಚ್ಚಿ ನಿಲ್ಲುವ ಭಾರ, ಕ್ಯಾಮೆರಾದ ಬದಲು ಸೋನಾರ್, ಓಷನ್‌ಒನ್‌ನ ಹಾಗೆ ತಗಲಿದ್ದನ್ನು ಮೇಲಕ್ಕೆ ಹೇಳುವ ಒಂದು ತೋಳು, ಮುರಿದರೆ ಕಾರವಾರದ ವರ್ಕ್‌ಶಾಪಿನಲ್ಲೇ ರಿಪೇರಿಯಾಗುವ ಬಿಡಿಭಾಗ. ನೋಡಲು ಚೆಂದ ಇರುವುದಿಲ್ಲ, ಸಮ್ಮೇಳನಗಳಲ್ಲಿ ಪ್ರದರ್ಶನಕ್ಕೆ ಇಡುವಂಥದ್ದೂ ಅಲ್ಲ. ನೌಕಾಪಡೆಗಳಿಗೆ ಬೇಡ, ತೈಲ ಕಂಪನಿಗಳಿಗೆ ಬೇಡ. ಕೊಳ್ಳಬೇಕಾದವರು ಅಗ್ನಿಶಾಮಕ ದಳದವರು, ಜಿಲ್ಲಾಡಳಿತದವರು. ಶಿರೂರಿನ ಹುಡುಕಾಟ ಇನ್ನೂ ಮುಗಿಯದ ಹೊತ್ತಿಗೇ, ಆಗಸ್ಟ್ 7ರಂದು, ಅದೇ ಹೆದ್ದಾರಿಯಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಮತ್ತೊಂದು ಲಾರಿ ನೀರಿಗೆ ಬಿತ್ತು. ಆ ಚಾಲಕ ಬದುಕಿದ, ನೀರಿನ ಮೇಲೆ ಕಂಡವನನ್ನು ದೋಣಿಯಲ್ಲಿ ಹೋಗಿ ಎತ್ತಿಕೊಂಡದ್ದರಿಂದ.