ಸಿನಗಾಗ್ ಇಲ್ಲದ ಊರಿನಲ್ಲಿ ಯಹೂದಿ ಪ್ರವಾಸ

ಬೆಂಗಳೂರಿನ ಯಹೂದಿ ಚರಿತ್ರೆಯನ್ನು ಒಂದೇ ದಿನದಲ್ಲಿ ತೋರಿಸುತ್ತೇವೆ ಎಂದು ಹೊರಡುವವರಿಗೆ ಮೊದಲ ತೊಡಕು, ಕರೆದುಕೊಂಡು ಹೋಗಿ ನಿಲ್ಲಿಸುವುದಾದರೂ ಎಲ್ಲಿ ಎಂಬುದು. ಕೊಚ್ಚಿಯಲ್ಲಾದರೆ ಆ ಚಿಂತೆಯಿಲ್ಲ. ಮಟ್ಟಾಂಚೇರಿಯಲ್ಲಿ 1568ರ ಪರದೇಸಿ ಸಿನಗಾಗ್ ಇದೆ, ಅದರ ನೆಲಕ್ಕೆ ಚೀನಾದಿಂದ ತಂದ ನೀಲಿ ಬಿಲ್ಲೆಗಳಿವೆ, ಯಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ ಚೇರ ದೊರೆ ಕೊಟ್ಟ ತಾಮ್ರಪಟಗಳ ಕಥೆಯಿದೆ. ಬೆಂಗಳೂರಿನಲ್ಲಿ ಹಾಗೆ ಬೊಟ್ಟುಮಾಡಿ ತೋರಿಸುವಂಥ ಪುರಾತನ ಪ್ರಾರ್ಥನಾ ಮಂದಿರವೇ ಇಲ್ಲ. ಕೊಡಿಗೇಹಳ್ಳಿಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಮೈಸೂರು ರಸ್ತೆಯಲ್ಲಿ ಮುಗಿಯುವ ಇಂಥದ್ದೊಂದು ಪ್ರವಾಸಕ್ಕೆ ಹೋಗಿಬಂದ ಮೇಲೆ ಅನ್ನಿಸಿದ್ದು ಇಷ್ಟು: ಅದನ್ನು ರೂಪಿಸಿದವರಿಗೆ ಈ ಇಲ್ಲದಿರುವಿಕೆಯೇ ಒಂದು ಕೊರತೆಯಾಗಿ ಕಂಡಿದೆ. ಅದನ್ನು ತುಂಬಿಕೊಳ್ಳುವ ಅವಸರದಲ್ಲಿ ಊರಿನ ನಿಜವಾದ ಕಥೆ ಕೈತಪ್ಪಿದೆ.

ವ್ಯಾನು ಹೆಬ್ಬಾಳದ ಮೇಲ್ಸೇತುವೆ ದಾಟಿ ಮೊದಲು ನಿಂತದ್ದು ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಬಳಿ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಮೆಷಿನ್ ಗನ್ನುಗಳ ಎದುರಿಗೆ ಭರ್ಜಿ ಹಿಡಿದು ನುಗ್ಗಿ, ಆಟೊಮನ್ ತುರ್ಕರ ಕೈಯಲ್ಲಿದ್ದ ಹೈಫಾ ಪಟ್ಟಣವನ್ನು ಗೆದ್ದರು. ಆ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಮಾರ್ಗದರ್ಶಕರು ಅದನ್ನು ಹೇಳಿದ್ದು 'ನಮ್ಮವರು ಇಸ್ರೇಲನ್ನು ಬಿಡಿಸಿಕೊಟ್ಟರು' ಎಂಬ ಧಾಟಿಯಲ್ಲಿ. ಇಸ್ರೇಲ್ ಎಂಬ ದೇಶ ಹುಟ್ಟಿದ್ದು 1948ರಲ್ಲಿ. 1918ರ ಹೈಫಾದಲ್ಲಿ ಅರಬರೇ ಹೆಚ್ಚು, ಯಹೂದಿಗಳು ಅಲ್ಪಸಂಖ್ಯಾತರು. ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೊಂದು ನೆಲೆ ಎಂದ ಬ್ರಿಟಿಷರ ಬಾಲ್ಫರ್ ಘೋಷಣೆ ಹೊರಬಿದ್ದು ಆಗಿನ್ನೂ ವರ್ಷ ತುಂಬಿರಲಿಲ್ಲ. ಮೈಸೂರಿನ ಸವಾರರು ಹೋರಾಡಿದ್ದು ಬ್ರಿಟಿಷ್ ಸಾಮ್ರಾಜ್ಯದ ಯುದ್ಧವನ್ನು. ನಂತರದ ಒಂದು ದೇಶದ ಕೃತಜ್ಞತೆಯನ್ನು ಹಿಂದಕ್ಕೆ ಎಳೆದು, ಸತ್ತವರ ಉದ್ದೇಶವೇ ಅದಾಗಿತ್ತು ಎನ್ನುವುದು ಆ ಸೈನಿಕರಿಗೂ ನ್ಯಾಯವಲ್ಲ, ಯಹೂದಿ ಚರಿತ್ರೆಗೂ ನ್ಯಾಯವಲ್ಲ. ಈ ಒಂದೇ ತಾಣಕ್ಕೆ ಮುಕ್ಕಾಲು ಗಂಟೆ ಕೊಟ್ಟರು.

ಅಲ್ಲಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ. ಇಡೀ ದಿನದ ಹೃದಯ ಇದಾಗಬೇಕಿತ್ತು. ಸಿಕ್ಕಿದ್ದು ಹದಿನೈದು ನಿಮಿಷ.

1933ರಲ್ಲಿ ಹಿಟ್ಲರನ ಕಾನೂನು ಗಾಟಿಂಗೆನ್ ವಿಶ್ವವಿದ್ಯಾಲಯದ ಯಹೂದಿ ಮೂಲದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಹುದ್ದೆಯಿಂದ ಹೊರಗೆ ಹಾಕಿತು. ಅವರು ಕ್ರೈಸ್ತ ದೀಕ್ಷೆ ಪಡೆದು ಎಷ್ಟೋ ವರ್ಷವಾಗಿತ್ತು. ಆ ಕಾನೂನು ನೋಡಿದ್ದು ಅಜ್ಜ ಅಜ್ಜಿಯರನ್ನು, ನಂಬಿಕೆಯನ್ನಲ್ಲ. ಅದೇ ವರ್ಷ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದ ಸಿ.ವಿ. ರಾಮನ್, ಯುರೋಪಿನಿಂದ ಹೊರದಬ್ಬಿಸಿಕೊಂಡ ವಿಜ್ಞಾನಿಗಳನ್ನು ಬೆಂಗಳೂರಿಗೆ ತರಬೇಕೆಂದು ಹೊರಟರು. 1935ರ ಕೊನೆಗೆ ಬಾರ್ನ್ ದಂಪತಿ ಇಲ್ಲಿಗೆ ಬಂದರು, ಸುಮಾರು ಆರು ತಿಂಗಳು ಇದ್ದರು. ಅವರಿಗೆ ಕಾಯಂ ಹುದ್ದೆ ಕೊಡುವ ಪ್ರಸ್ತಾವ ಸಂಸ್ಥೆಯ ಪ್ರಾಧ್ಯಾಪಕರ ಸಭೆಯ ಮುಂದೆ ಬಂದಾಗ, ಎಂಜಿನಿಯರಿಂಗ್ ವಿಭಾಗದ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಅತ್ತೆ ಎಂದು ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 1936ರಲ್ಲಿ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಮಾರ್ಗದರ್ಶಕರು ಇದರಲ್ಲಿ ಹೇಳಿದ್ದು ಕೊನೆಯ ಸಂಗತಿಯನ್ನು ಮಾತ್ರ, 'ನೊಬೆಲ್ ಪುರಸ್ಕೃತರು ಇಲ್ಲಿ ಓಡಾಡಿದ್ದಾರೆ' ಎಂದು. ಓಡಾಡಿದ್ದು ನಿಜ. ಆದರೆ ಆಶ್ರಯ ಕೇಳಿ ಬಂದವರೊಬ್ಬರನ್ನು ಕರೆದದ್ದೂ ಇದೇ ಆವರಣ, ಕಳಿಸಿಬಿಟ್ಟದ್ದೂ ಇದೇ ಆವರಣ. ಅದನ್ನು ಬಿಟ್ಟು ಪದಕವನ್ನಷ್ಟೇ ತೋರಿಸಿದರೆ ನೋಡಲು ಬಂದವರಿಗೆ ಸಿಗುವುದೇನು?

ಬಾರ್ನ್ ಉಳಿಯಲಿಲ್ಲ, ಅವರ ಸೋದರಳಿಯ ಉಳಿದರು. ಬರ್ಲಿನ್ನಿನ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1933ರಲ್ಲೇ ಸರ್ಕಾರಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲವು ವರ್ಷ ಇದ್ದು, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಸಂಸ್ಥೆಯ ಊಟದ ಹಾಲು ಮತ್ತು ಸಭಾಂಗಣ, ಏರೋನಾಟಿಕಲ್ ವಿಭಾಗದ ಕಟ್ಟಡ ಅವರ ಕೈಯವು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಅವರದೇ. ನಮ್ಮ ಗುಂಪು ಮುಂದೆ ನಡೆದುಹೋದ ಮೇಲೂ ನಾನು ಏರೋನಾಟಿಕಲ್ ಕಟ್ಟಡದ ಎದುರು ನಿಂತಿದ್ದೆ. ಅಲಂಕಾರಕ್ಕೆಂದು ಇಟ್ಟದ್ದು ಒಂದೂ ಇಲ್ಲ. ಕಿಟಕಿಗಳ ಮೇಲೆ ಉದ್ದಕ್ಕೂ ಚಾಚಿದ ಕಾಂಕ್ರೀಟ್ ಸಜ್ಜೆ, ಅದರ ನೆರಳು ಬಿದ್ದ ಗೋಡೆ. ಮಳೆ, ಬಿಸಿಲು, ಗಾಳಿ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕಟ್ಟಡ. ಇಲ್ಲಿ ಕಲಿತದ್ದನ್ನೇ ಅವರು 1950ರ ದಶಕದಿಂದ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವೆಂದು ಕಲಿಸಿದರು. 1970ರ ದಶಕದಲ್ಲಿ ಅವರೂ ಸಹಲೇಖಕರೂ ಬರೆದ ಪಠ್ಯಪುಸ್ತಕವನ್ನು ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳ ಹುಡುಗರು ಈಗಲೂ ಓದುತ್ತಾರೆ. ನಾಜಿಗಳು ಬೇಡವೆಂದ ಒಬ್ಬ ಮನುಷ್ಯ ಬೆಂಗಳೂರಿನ ಬಿಸಿಲನ್ನು ಅಳೆದು ಜಗತ್ತಿಗೆ ಪಾಠ ಹೇಳಿದ ಎಂಬುದಕ್ಕಿಂತ ದೊಡ್ಡ ಯಹೂದಿ ಕಥೆ ಈ ಊರಿನಲ್ಲಿ ಬೇರೆ ಯಾವುದಿದೆ? 'ಇದು ಪವಿತ್ರ ಸ್ಥಳವಲ್ಲವಲ್ಲ' ಎಂದರು ಮಾರ್ಗದರ್ಶಕರು. ಪ್ರವಾಸದ ದೋಷವೆಲ್ಲ ಆ ಒಂದು ಮಾತಿನಲ್ಲಿತ್ತು.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬಿನ್ ಮೋಸಸ್ ಅವರ ಹೆಸರಾಂತ ಚಪ್ಪಲಿ ಅಂಗಡಿಯ ನೆನಪನ್ನಷ್ಟೇ ಹೇಳಿದರು. ಬಾಗ್ದಾದಿನ ಕುಟುಂಬ, ದಂಡಿನ ಗಿರಾಕಿಗಳು, ದೊಡ್ಡ ವ್ಯಾಪಾರ. ಜನಜಂಗುಳಿಯಲ್ಲಿ ಅದಕ್ಕಿಂತ ಹೆಚ್ಚು ಹೇಳುವುದು ಕಷ್ಟವೇ.

ಮೈಸೂರು ರಸ್ತೆಯ ಸ್ಮಶಾನದಲ್ಲಿ ಮಾತ್ರ ಪ್ರವಾಸಕ್ಕೆ ಜೀವ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ. 1904ರಲ್ಲಿ ಇಲ್ಲಿ ಮಣ್ಣಾದ ಮೊದಲಿಗರು ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್‌ಕರ್. ಅವರ ಹೆಸರನ್ನು ಮಾರ್ಗದರ್ಶಕರು ಚೆನ್ನಾಗಿ ಬಿಡಿಸಿದರು. ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳು ತಮ್ಮ ಹಳ್ಳಿಯ ಹೆಸರಿಗೆ 'ಕರ್' ಸೇರಿಸಿಕೊಂಡು ಮರಾಠಿ ಮಾತಾಡಿದವರು. ಎಣ್ಣೆ ಗಾಣ ಆಡಿಸುತ್ತ ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ಸುತ್ತಲ ಜನ ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಬ್ರಿಟಿಷ್ ಸೈನ್ಯ ಸೇರಿ ದಂಡಿನ ಊರುಗಳಿಗೆ ಹಂಚಿಹೋದರು. ಕೊಂಕಣದವರು, ಬಾಗ್ದಾದಿನವರು, ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯುರೋಪಿನವರು, ಬದುಕಿದ್ದಾಗ ಒಂದೇ ಪಂಕ್ತಿಯಲ್ಲಿ ಕೂತಿದ್ದರೋ ಇಲ್ಲವೋ, ಇಲ್ಲಿ ಅಕ್ಕಪಕ್ಕ ಮಲಗಿದ್ದಾರೆ. ಒಂದು ಕಲ್ಲಿನ ಮೇಲೆ ಮೇಲ್ಗಡೆ ಹೀಬ್ರೂ, ಕೆಳಗೆ ಇಂಗ್ಲಿಷ್; ಅಂಚಿನಲ್ಲಿ ಯಾರೋ ಇಟ್ಟುಹೋದ ಮೂರು ಬೆಣಚುಕಲ್ಲು. ಹೂವಿನ ಬದಲು ಕಲ್ಲಿಡುವುದು ಅವರ ಪದ್ಧತಿ. ಹೊರಗೆ ಬರುವಾಗ ಮಾರ್ಗದರ್ಶಕರು ಬಾಟಲಿಯ ನೀರು ಸುರಿದು ಎಲ್ಲರ ಕೈ ತೊಳೆಸಿದರು. ಅದೂ ಅವರ ಪದ್ಧತಿಯೇ. ಗುಂಪಿನಲ್ಲಿದ್ದ ಹಿರಿಯ ಹೆಂಗಸೊಬ್ಬರು 'ನಮ್ಮಲ್ಲೂ ಹೀಗೇ' ಎಂದು ಕಾಲನ್ನೂ ತೊಳೆದುಕೊಂಡರು.

ಮಾರ್ಗದರ್ಶಕರ ತಯಾರಿ ಎಷ್ಟಿದೆ ಎಂಬುದು ಅಲ್ಲಿ ಗೊತ್ತಾಯಿತು. ಹಾಗಾಗಿಯೇ ಉಳಿದ ತಾಣಗಳ ಬಗ್ಗೆ ಬೇಸರ ಹೆಚ್ಚು. ಸಂಪ್ರದಾಯದಂತೆ ಯಹೂದಿ ಸಾಮೂಹಿಕ ಪ್ರಾರ್ಥನೆಗೆ ಬೇಕಾದದ್ದು ಹತ್ತು ಮಂದಿ ವಯಸ್ಕ ಗಂಡಸರು, ಕಟ್ಟಡವಲ್ಲ. ಇದೊಂದನ್ನು ಬೆಳಿಗ್ಗೆಯೇ ಹೇಳಿದ್ದರೆ 'ಸಿನಗಾಗ್ ಎಲ್ಲಿ' ಎಂಬ ಪ್ರಶ್ನೆ ದಿನವಿಡೀ ಕಾಡುತ್ತಿರಲಿಲ್ಲ. ವ್ಯಾನಿನಲ್ಲಿ ಕೊಚ್ಚಿಯ ಪುರಾಣಕ್ಕೆ ಅಷ್ಟು ಸಮಯ ಕೊಟ್ಟವರು ಮಂಗಳೂರಿನ ಬಗ್ಗೆ ಚಕಾರ ಎತ್ತಲಿಲ್ಲ. ಟ್ಯುನೀಷಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಹೆಚ್ಚುಕಡಿಮೆ ಹದಿನೇಳು ವರ್ಷ ಅಲ್ಲಿದ್ದ. 1132ರಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ, ಅವಳೊಂದಿಗೇ ಸಂಸಾರ ಮಾಡಿದ. ವ್ಯಾಪಾರಕ್ಕೆ ಏಡನ್ನಿಗೆ ಕಳಿಸುತ್ತಿದ್ದ ಅವನ ಆಳು ಬೊಮ್ಮ. ಆ ಕಾಗದಗಳು ಕೈರೋದ ಸಿನಗಾಗೊಂದರ ಕೋಣೆಯಲ್ಲಿ ಶತಮಾನಗಟ್ಟಲೆ ಉಳಿದು ಬಂದವು. ಅಮಿತಾವ್ ಘೋಷ್ 1992ರಲ್ಲಿ ಅವುಗಳ ಮೇಲೆ ಇಡೀ ಪುಸ್ತಕ ಬರೆದಿದ್ದಾರೆ. ಕರ್ನಾಟಕದ ಕೇಳುಗರಿಗೆ ಇದಕ್ಕಿಂತ ಹತ್ತಿರದ ಪೀಠಿಕೆ ಸಿಗದು.

ಮಾರ್ಗವನ್ನು ಬದಲಿಸುವುದು ಕಷ್ಟವೇನಲ್ಲ. ವಿಜ್ಞಾನ ಸಂಸ್ಥೆಯಿಂದಲೇ ಶುರುವಾಗಲಿ, ಮೊದಲೇ ಅನುಮತಿ ಪಡೆದು ಬೆಳಗಿನ ಎರಡು ಗಂಟೆ ಅಲ್ಲಿಗೇ ಮೀಸಲಿಡಲಿ. ಲ್ಯಾನ್ಸರ್ಸ್ ಸ್ಮಾರಕವನ್ನು ಮೈಸೂರು ಸೈನ್ಯದ ಕಥೆಯಾಗಿ ಬೇರೊಂದು ದಿನ ತೋರಿಸಲಿ. ಸ್ಮಶಾನ ಈಗಿರುವ ಹಾಗೆಯೇ ಕೊನೆಗಿರಲಿ, ಅರ್ಧ ಗಂಟೆ ಹೆಚ್ಚಾದರೂ ಸರಿ.