ಗ್ರೇಸ್ ಪೀರಿಯಡ್ ಎಷ್ಟು ದಿನ ಸ್ವಾಮಿ?

ನೀವು ಐಟಿಯಲ್ಲಿದ್ದೀರಿ ಅಂತ ಗೊತ್ತಾದ ತಕ್ಷಣ ಯಾವುದೇ ಸಂಘದವರು ನಿಮ್ಮ ತಲೆಗೆ ಕಟ್ಟುವ ಮೊದಲ ಕೆಲಸ ವೆಬ್‌ಸೈಟು. ಎರಡನೆಯದು ಸದಸ್ಯತ್ವದ ಸಾಫ್ಟ್‌ವೇರು. ಅಪಾರ್ಟ್‌ಮೆಂಟ್ ಸಂಘ, ಕಾಲೇಜಿನ ಹಳೆ ವಿದ್ಯಾರ್ಥಿ ಸಂಘ, ರಾಜ್ಯೋತ್ಸವ ಮಾಡುವ ಕನ್ನಡ ಸಂಘ, ಯಾವುದಾದರೂ ಸರಿ. ಲೋಗೋ ಯಾವ ಬಣ್ಣದಲ್ಲಿರಬೇಕು ಅಂತ ಕಮಿಟಿಯವರು ಎರಡು ಗಂಟೆ ಚರ್ಚೆ ಮಾಡ್ತಾರೆ. ಕೊನೆಗೆ ಎದ್ದು ಹೋಗುವಾಗ ಒಂದು ಮಾತು ಹೇಳ್ತಾರೆ: 'ಆ ರಿನ್ಯೂವಲ್ ಸೆಟಿಂಗ್ಸ್ ಏನಿದೆಯೋ ನೀನೇ ನೋಡಿ ಹಾಕ್ಬಿಡಪ್ಪ.'

ಈ ಲೇಖನ ಆ ಒಂದು ಮಾತಿನ ವಿರುದ್ಧ. ರಿನ್ಯೂವಲ್ ಸೆಟಿಂಗ್ಸ್ ಅನ್ನೋದು ಟೆಕ್ನಿಕಲ್ ವಿಷಯವೇ ಅಲ್ಲ. ಸಂಘದಲ್ಲಿ ಯಾರಿದ್ದಾರೆ, ಯಾರಿಲ್ಲ, ಯಾರಿಗೆ ಓಟಿದೆ ಅನ್ನೋದನ್ನ ತೀರ್ಮಾನ ಮಾಡುವ ಪುಟ ಅದು. ಬೈಲಾ ಕಪಾಟಿನಲ್ಲಿರುತ್ತೆ, ಆದರೆ ದಿನಾ ರಾತ್ರಿ ಸದಸ್ಯರ ಮೇಲೆ ಜಾರಿಯಾಗೋದು ಈ ಪುಟದಲ್ಲಿ ಟೈಪ್ ಮಾಡಿರುವ ನಿಯಮ.

ಉದಾಹರಣೆಗೆ ಸಿವಿಸಿಆರ್‌ಎಂ ತಗೊಳ್ಳೋಣ. 2005ರಿಂದ ಇರುವ ಓಪನ್ ಸೋರ್ಸ್ ತಂತ್ರಾಂಶ, ವರ್ಡ್‌ಪ್ರೆಸ್, ಡ್ರೂಪಾಲ್, ಜೂಮ್ಲಾಗಳ ಜೊತೆ ಕೂರುತ್ತೆ. ಲೈಸೆನ್ಸ್‌ಗೆ ದುಡ್ಡು ಕೊಡಬೇಕಾಗಿಲ್ಲ. ಎರಡು ಸಂಘಗಳಿಗೆ ಇದನ್ನ ಕೂರಿಸಿಕೊಟ್ಟಿದ್ದೇನೆ, ನನಗಿದು ಇಷ್ಟ. ಇಷ್ಟ ಇರೋದಕ್ಕೇ ಬಿಡಿಸಿ ನೋಡ್ತಿದ್ದೇನೆ. ಕೆಟ್ಟ ಸಾಫ್ಟ್‌ವೇರನ್ನ ಬೈಯೋದು ಸುಲಭ, ಅದರಿಂದ ಯಾರಿಗೂ ಉಪಯೋಗವಿಲ್ಲ.

ಅದು ಕೇಳುವ ಮೊದಲ ಪ್ರಶ್ನೆ: ಅವಧಿ ರೋಲಿಂಗಾ, ಫಿಕ್ಸೆಡ್ಡಾ? ರೋಲಿಂಗ್ ಅಂದರೆ ನೀವು ಸೇರಿದ ದಿನದಿಂದ ನಿಮ್ಮ ವರ್ಷ ಶುರು. ಫಿಕ್ಸೆಡ್ ಅಂದರೆ ಎಲ್ಲರಿಗೂ ಒಂದೇ ವರ್ಷ, ಉದಾಹರಣೆಗೆ ಏಪ್ರಿಲ್ 1ರಿಂದ ಮಾರ್ಚ್ 31. ಖಜಾಂಚಿಗೆ ಎರಡನೆಯದೇ ಪ್ರೀತಿ, ಆಡಿಟ್‌ಗೆ ಸಲೀಸು. ಆದರೆ ಫಿಕ್ಸೆಡ್ ಆರಿಸಿದ ಕೂಡಲೇ ಕೆಳಗೆ ಇನ್ನೊಂದು ಖಾನೆ ತೆರೆದುಕೊಳ್ಳುತ್ತೆ: ರೋಲ್‌ಓವರ್ ದಿನ. ಈ ದಿನ ಅಥವಾ ಇದರ ನಂತರ ಸೇರಿದವರಿಗೆ ಮುಂದಿನ ವರ್ಷವೂ ಸೇರಿಸಿ ಸದಸ್ಯತ್ವ ಕೊಡು ಅಂತ ಅದರ ಅರ್ಥ. ನೀವು ಜನವರಿ 1 ಅಂತ ಹಾಕಿದಿರಿ ಅನ್ನಿ. ಡಿಸೆಂಬರ್ 31ಕ್ಕೆ 1,000 ರೂಪಾಯಿ ಕಟ್ಟಿದವನಿಗೆ 3 ತಿಂಗಳ ಸದಸ್ಯತ್ವ. ಮರುದಿನ ಅದೇ 1,000 ಕಟ್ಟಿದವನಿಗೆ 15 ತಿಂಗಳು. ಇಬ್ಬರ ನಡುವೆ ಒಂದು ರಾತ್ರಿ, ಒಂದು ವರ್ಷ. ಸಾಫ್ಟ್‌ವೇರು ಇಲ್ಲಿ ತಪ್ಪು ಮಾಡ್ತಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಈ ಗೆರೆ ಎಳೆದವರು ಯಾರು ಅಂತ ಸಭೆಯಲ್ಲಿ ಕೇಳಿದರೆ ಕಮಿಟಿ ನಿಮ್ಮ ಮುಖ ನೋಡುತ್ತೆ.

ಇನ್ನು ಸ್ಟೇಟಸ್ ನಿಯಮಗಳು. ಸಮಸ್ಯೆಯ ತಿರುಳು ಇಲ್ಲಿದೆ. ಸಿವಿಸಿಆರ್‌ಎಂ ಹುಟ್ಟಿನಿಂದಲೇ ಕೆಲವು ಸ್ಥಿತಿಗಳನ್ನ ಇಟ್ಟುಕೊಂಡು ಬರುತ್ತೆ. ಸೇರಿದ ಮೊದಲ 3 ತಿಂಗಳು ನೀವು 'ನ್ಯೂ'. ಆಮೇಲೆ ಅವಧಿ ಮುಗಿಯುವ ತನಕ 'ಕರೆಂಟ್'. ಮುಗಿದ ಮೇಲೆ ಒಂದು ತಿಂಗಳು 'ಗ್ರೇಸ್'. ಅದೂ ದಾಟಿದರೆ 'ಎಕ್ಸ್‌ಪೈರ್ಡ್'.

ಈ ಒಂದು ತಿಂಗಳು ಎಲ್ಲಿಂದ ಬಂತು? ನಮ್ಮ ಬೈಲಾದಿಂದಲ್ಲ. ಸಂಘಗಳ ನೋಂದಣಿಗೆ ಅಂತ ಬ್ರಿಟಿಷರ ಕಾಲದಲ್ಲಿ ಆದ 1860ರ ಕಾಯ್ದೆಯ 15ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ? ಚಂದಾ ಬಾಕಿ 3 ತಿಂಗಳಿಗಿಂತ ಹೆಚ್ಚಾದರೆ ಮಾತ್ರ ಅಂಥವರಿಗೆ ಓಟಿಲ್ಲ, ಅವರು ಸದಸ್ಯರ ಲೆಕ್ಕಕ್ಕೂ ಬರೋದಿಲ್ಲ. ನಮ್ಮ ರಾಜ್ಯದ ಸಂಘಗಳು ನೋಂದಣಿಯಾಗೋದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ನಿಮ್ಮ ಸಂಘಕ್ಕೆ ಏನು ಅನ್ವಯ ಅಂತ ಬೈಲಾ ತೆಗೆದು ನೋಡಬೇಕು. ನಾನು ಹೇಳೋದು ಇಷ್ಟೇ: ಅಂಚೆ ಸಾರೋಟಿನಲ್ಲಿ ಹೋಗುತ್ತಿದ್ದ ಕಾಲದ ಕಾನೂನು 3 ತಿಂಗಳು ಕಾಯುತ್ತೆ. ಇವತ್ತಿನ ಸಾಫ್ಟ್‌ವೇರಿನ ಡೀಫಾಲ್ಟು ಒಂದೇ ತಿಂಗಳು. ಯಾರೂ ಮುಟ್ಟದೇ ಬಿಟ್ಟರೆ ಆ ಡೀಫಾಲ್ಟೇ ನಿಮ್ಮ ಸಂಘದ ಕಾನೂನು.

ಇದರ ಜೊತೆಗೆ ಒಂದು ಹೆಸರಿನ ಗೊಂದಲ. ಪ್ರತಿ ಸ್ಥಿತಿಗೂ ಪಕ್ಕದಲ್ಲಿ 'ಇವರು ಕರೆಂಟ್ ಮೆಂಬರಾ?' ಅಂತ ಒಂದು ಟಿಕ್ ಬಾಕ್ಸ್ ಇದೆ. ನ್ಯೂ, ಕರೆಂಟ್, ಗ್ರೇಸ್ ಮೂರಕ್ಕೂ ಟಿಕ್ ಇರುತ್ತೆ, ಮೂವರೂ ಚಾಲ್ತಿ ಸದಸ್ಯರೇ. ಆದರೆ 'ಕರೆಂಟ್' ಅನ್ನೋದು ಈ ಮೂರರಲ್ಲಿ ಒಂದರ ಹೆಸರೂ ಹೌದು! ಒಂದೇ ಪದಕ್ಕೆ ಎರಡು ಅರ್ಥ. ಕೋಡ್ ರಿವ್ಯೂನಲ್ಲಿ ಇಂಥ ಹೆಸರಿಟ್ಟರೆ ಜೂನಿಯರ್ ಹುಡುಗನೂ ಬಿಡಲ್ಲ.

ಇದರಿಂದ ಏನಾಗುತ್ತೆ ಅಂತ ಕಣ್ಣಾರೆ ನೋಡಿದ್ದೇನೆ. ನಾನು ಸದಸ್ಯನಾಗಿರುವ ಒಂದು ಹಳೆ ವಿದ್ಯಾರ್ಥಿ ಸಂಘದಲ್ಲಿ ಚುನಾವಣೆ ಬಂತು. ಮತದಾರರ ಪಟ್ಟಿ ತೆಗೆದವರು ಸ್ಟೇಟಸ್ ಖಾನೆಯಲ್ಲಿ 'ಕರೆಂಟ್' ಒಂದನ್ನೇ ಆರಿಸಿ ಎಕ್ಸ್‌ಪೋರ್ಟ್ ಒತ್ತಿದರು. ಮೂರು ತಿಂಗಳ ಒಳಗೆ ಸೇರಿದವರು ಹೊರಗೆ, ಗ್ರೇಸ್‌ನಲ್ಲಿದ್ದವರೂ ಹೊರಗೆ. ಒಬ್ಬರು ನಿವೃತ್ತ ಮೇಷ್ಟ್ರು ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದಿದ್ದರು. ಅವರ ಅವಧಿ ಮುಗಿದು 12 ದಿನ ಆಗಿತ್ತು. ಸಭೆಯಲ್ಲೇ ಕಟ್ಟಿದರಾಯ್ತು ಅಂತ ಈ ವರ್ಷದ ದುಡ್ಡು ಜೇಬಲ್ಲೇ ಇಟ್ಟುಕೊಂಡು ಬಂದಿದ್ದರು. ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಹುಡುಗ 'ಸರ್, ನಿಮ್ಮ ಹೆಸರು ಬರ್ತಿಲ್ಲ' ಅಂದ. ಮೇಷ್ಟ್ರು ಜಗಳ ಆಡಲಿಲ್ಲ. 'ಹಾಗಾದ್ರೆ ಊಟಕ್ಕೆ ಇರಬಹುದಾ?' ಅಂತ ಕೇಳಿದರು. ಸಾಫ್ಟ್‌ವೇರಿನ ಲೆಕ್ಕದಲ್ಲೂ ಅವರು ಆ ದಿನ ಸದಸ್ಯರೇ. ಅದನ್ನ ಓದುವವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಇಷ್ಟು ಹೇಳಿದ ಮೇಲೆ, ಹಳೆ ಕಾಲವೇ ಚೆನ್ನಾಗಿತ್ತು ಅಂತ ನಾನು ಹಾಡಲ್ಲ. ನಮ್ಮೂರಿನ ಯುವಕ ಸಂಘಕ್ಕೆ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಬರುವವರೊಬ್ಬರಿದ್ದರು. ಈ ಮನೆಯವರ ರಾಗಿ ಇನ್ನೂ ಕಣಕ್ಕೆ ಬಂದಿಲ್ಲ, ಮುಂದಿನ ತಿಂಗಳು ಬರೋಣ ಅಂತ ಅವರಿಗೆ ಗೊತ್ತಿರುತ್ತಿತ್ತು. ಅದೂ ಗ್ರೇಸ್ ಪೀರಿಯಡ್ಡೇ. ಆದರೆ ಕೆಲವು ಕೇರಿಗೆ ಆ ರಶೀದಿ ಪುಸ್ತಕ ಹೋಗುತ್ತಲೇ ಇರಲಿಲ್ಲ ಅನ್ನೋದೂ ಅಷ್ಟೇ ನಿಜ. ಚುನಾವಣೆ ಹತ್ತಿರ ಬಂದಾಗ ಎದುರು ಪಾರ್ಟಿಯವರ ಚಂದಾ ತಗೊಳ್ಳದೇ ತಪ್ಪಿಸಿಕೊಂಡು ಓಡಾಡೋದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಹೊಸದಲ್ಲ. ಸಾಫ್ಟ್‌ವೇರು ಜಾತಿ ಕೇಳಲ್ಲ, ಪಾರ್ಟಿ ನೋಡಲ್ಲ. ಎಲ್ಲರಿಗೂ ಒಂದೇ ದಿನಾಂಕ. ಇದು ಸಣ್ಣ ಗುಣವಲ್ಲ. ಆ ನಿಯಮ ಎಲ್ಲರಿಗೂ ಗೊತ್ತಿರುವ ನಿಯಮ ಆಗಿರಬೇಕು, ನನ್ನ ತಕರಾರು ಅಷ್ಟೇ.

ಗೊತ್ತಿಲ್ಲದ ನಿಯಮಕ್ಕೆ ಇನ್ನೊಂದು ಉದಾಹರಣೆ. ರೋಲಿಂಗ್ ಸದಸ್ಯತ್ವ, ಇಬ್ಬರ ಅವಧಿಯೂ ಜೂನ್ 30ಕ್ಕೆ ಮುಗಿಯುತ್ತೆ ಅಂದುಕೊಳ್ಳಿ. ಒಬ್ಬರು ಜುಲೈ 20ಕ್ಕೆ, ಗ್ರೇಸ್ ಒಳಗೆ ಕಟ್ಟಿದರು. ಅವರ ಹೊಸ ವರ್ಷ ಹಳೆಯದರ ಬೆನ್ನಿಗೇ ಅಂಟಿಕೊಂಡು ಮುಂದಿನ ಜೂನ್ 30ಕ್ಕೆ ಮುಗಿಯುತ್ತೆ. ಇನ್ನೊಬ್ಬರು ಎಕ್ಸ್‌ಪೈರ್ ಆದ ಮೇಲೆ ಆಗಸ್ಟ್ 5ಕ್ಕೆ ಕಟ್ಟಿದರು. ಅವರಿಗೆ ಆ ದಿನದಿಂದ ಪೂರ್ತಿ 12 ತಿಂಗಳು. ಅಂದರೆ ಸ್ವಲ್ಪ ತಡ ಮಾಡಿದವರಿಗೆ ದಿನಗಳ ನಷ್ಟ, ಜಾಸ್ತಿ ತಡ ಮಾಡಿದವರಿಗೆ ಇಲ್ಲ. ಇದಕ್ಕೆ ಸಮರ್ಥನೆ ಇದೆ: ಮೊದಲನೆಯವರ ಸದಸ್ಯತ್ವ ಒಂದು ದಿನವೂ ತುಂಡಾಗಲಿಲ್ಲ, ಎರಡನೆಯವರದು ಆಯ್ತು. ಸರಿ, ಒಪ್ಪೋಣ. ಆದರೆ ಇದನ್ನ ಸದಸ್ಯರಿಗೆ ಒಂದು ಸಾಲಿನಲ್ಲಿ ಹೇಳಿರುವ ಒಂದು ಸಂಘವನ್ನೂ ನಾನು ನೋಡಿಲ್ಲ.

ನೆನಪೋಲೆಗಳ ವಿಷಯ ಚಿಕ್ಕದಾಗಿ ಹೇಳ್ತೀನಿ. ಅವಧಿ ಮುಗಿಯುವ ಎಷ್ಟು ದಿನ ಮೊದಲು, ಎಷ್ಟು ದಿನ ನಂತರ ಮೇಲ್ ಹೋಗಬೇಕು ಅಂತ ಇಲ್ಲಿ ಬೇಕಾದ ಹಾಗೆ ಬರೆದಿಡಬಹುದು. ಚೆನ್ನಾಗಿದೆ. ಆದರೆ ಮೇಲ್ ಕಳಿಸೋದೂ ಸ್ಟೇಟಸ್ ಬದಲಿಸೋದೂ ಕ್ರಾನ್ ಮೇಲೆ ನಿಂತಿದೆ. ಹೋಸ್ಟಿಂಗ್ ಬದಲಿಸುವಾಗ ಕ್ರಾನ್ ಸೆಟ್ ಮಾಡೋದು ಮರೆತರೆ ಯಾರಿಗೂ ನೆನಪೋಲೆ ಹೋಗಲ್ಲ, ಯಾರೂ ಎಕ್ಸ್‌ಪೈರ್ ಆಗೋದೂ ಇಲ್ಲ, ಎಲ್ಲರೂ ಚಿರಂಜೀವಿಗಳು. ಆಮೇಲೆ ಒಂದು ದಿನ ಯಾರೋ ಕ್ರಾನ್ ಓಡಿಸ್ತಾರೆ, ಒಂದೇ ರಾತ್ರಿಯಲ್ಲಿ ಅರ್ಧ ಸಂಘ ಖಾಲಿ.

ಆಟೋ ರಿನ್ಯೂವಲ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಮೂರು ಆಯ್ಕೆ ಇವೆ: ಬೇಡವೇ ಬೇಡ, ಸದಸ್ಯರ ಇಷ್ಟ, ಕಡ್ಡಾಯ. ಖಜಾಂಚಿಗಳು ಕಡ್ಡಾಯದ ಕಡೆಗೇ ವಾಲುತ್ತಾರೆ. ಒಟಿಟಿ, ಜಿಮ್ಮುಗಳಿಂದ ಕಲಿತ ಪಾಠ ಅದು. ಆ ಪಾಠದ ಇನ್ನೊಂದು ಮುಖವೂ ನಮಗೆ ಗೊತ್ತಿದೆ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡಿನಿಂದ ಇಂಥ ಮರುಕಳಿಸುವ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಚಂದಾದಾರಿಕೆಯ ಬಲೆಯೂ ಒಂದು. ಸೇರೋಕೆ ಒಂದು ಕ್ಲಿಕ್, ಬಿಡೋಕೆ ಹತ್ತು ಬಾಗಿಲು ಅನ್ನುವ ಆಟ ನಿಲ್ಲಲಿ ಅಂತ ಬಂದ ನಿಯಮಗಳಿವು.

ಸಂಘಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಒಟಿಟಿಗೆ ನಾವು ಮರೆತರೇ ಲಾಭ. ಸಂಘಕ್ಕೆ ಮರೆತ ಸದಸ್ಯರಿಂದ ಏನು ಬಂತು? 'ಇನ್ನೂ ನಮ್ಮ ಜೊತೆ ಇದ್ದೀರಾ?' ಅಂತ ಕಮಿಟಿ ಪ್ರತಿಯೊಬ್ಬರನ್ನೂ ಕೇಳೋದು ವರ್ಷಕ್ಕೆ ಒಂದೇ ಸಲ, ರಿನ್ಯೂವಲ್ ಹೊತ್ತಿಗೆ. ಜನ ಕಟ್ಟಲಿಲ್ಲ ಅಂದರೆ ಅದೂ ಒಂದು ಉತ್ತರ: ಈ ವರ್ಷ ನೀವೇನೂ ಮಾಡಲಿಲ್ಲ ಅಂತ. ಕಡ್ಡಾಯ ಆಟೋ ರಿನ್ಯೂವಲ್ ಹಾಕಿದ ಸಂಘ ಆ ಉತ್ತರ ಕೇಳದ ಹಾಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೆ. ವಯಸ್ಸಾದವರಿಗೆ, ವಿದೇಶದಲ್ಲಿರುವವರಿಗೆ ಅನುಕೂಲ ಅನ್ನೋದು ನಿಜ. ಅದಕ್ಕೇ 'ಸದಸ್ಯರ ಇಷ್ಟ' ಅನ್ನುವ ನಡುವಿನ ಆಯ್ಕೆ ಸರಿ.

ನಮ್ಮವರಿಗೆ ಬಲು ಇಷ್ಟವಾದ ಆಜೀವ ಸದಸ್ಯತ್ವಕ್ಕೂ ಇಲ್ಲಿ ಜಾಗವಿದೆ, ಅವಧಿಯಲ್ಲಿ 'ಲೈಫ್‌ಟೈಮ್' ಅಂತ ಆರಿಸಿದರೆ ಮುಗೀತು. ಆ ಸದಸ್ಯತ್ವಕ್ಕೆ ಕೊನೆಯ ದಿನಾಂಕವೇ ಇಲ್ಲ. ಮನುಷ್ಯರಿಗೆ ಇದೆ. 'ಡಿಸೀಸ್ಡ್' ಅನ್ನುವ ಸ್ಥಿತಿಯೂ ಇದೆ, ಆದರೆ ತೀರಿಕೊಂಡರು ಅಂತ ಯಾರಾದರೂ ಒಬ್ಬರು ಕೂತು ದಾಖಲಿಸಬೇಕು. ರಿನ್ಯೂವಲ್ ಇಲ್ಲದ ಕಡೆ ವಿಚಾರಿಸುವವರೂ ಇರಲ್ಲ. ಹಾಗಾಗಿ ತೀರಿಹೋದವರಿಗೆ ಸರ್ವಸದಸ್ಯರ ಸಭೆಯ ಆಹ್ವಾನ ಹೋಗ್ತಾ ಇರುತ್ತೆ, ಕೋರಂ ಲೆಕ್ಕದಲ್ಲೂ ಅವರು ಕೂತಿರ್ತಾರೆ.

ಹಾಗಂತ ಸಿವಿಸಿಆರ್‌ಎಂ ಬೇಡವಾ? ಬೇಕು. ಎಲ್ಲ ನಿಯಮವನ್ನೂ ಕಣ್ಣೆದುರು ಇಟ್ಟು ಬದಲಿಸೋಕೆ ಬಿಡುತ್ತೆ ಅನ್ನೋದೇ ಅದರ ದೊಡ್ಡಸ್ತಿಕೆ. ಒಬ್ಬರ ಸ್ಥಿತಿಯನ್ನ ಇಂಥ ದಿನದ ತನಕ ಹೀಗೇ ಇರಲಿ ಅಂತ ಕೈಯಾರೆ ಹಿಡಿದಿಡುವ ಓವರ್‌ರೈಡ್ ಕೂಡ ಕೊಟ್ಟಿದೆ. ಆಸ್ಪತ್ರೆಯಲ್ಲಿದ್ದವರು, ಕೆಲಸ ಕಳಕೊಂಡವರು ಇಂಥವರಿಗಾಗಿಯೇ ಇರುವ ಸವಲತ್ತು ಅದು. ಆದರೆ ಅದನ್ನ ಒತ್ತುವ ಅಧಿಕಾರ ಯಾರದ್ದು ಅಂತ ಬರೆದಿಡದಿದ್ದರೆ ಅದೇ ಹಳೇ ರಶೀದಿ ಪುಸ್ತಕದ ಆಟ ಮತ್ತೆ ಶುರು.

ಮುಂದಿನ ಸಲ 'ನೀನೇ ನೋಡಿ ಹಾಕ್ಬಿಡಪ್ಪ' ಅಂದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಐದು ಪ್ರಶ್ನೆ ಕೇಳಿ. ವರ್ಷ ಯಾವತ್ತಿಂದ ಯಾವತ್ತಿಗೆ? ನಡುವೆ ಸೇರಿದವರು ಎಷ್ಟು ಕಟ್ಟಬೇಕು? ಗ್ರೇಸ್ ಎಷ್ಟು ದಿನ, ಆ ದಿನಗಳಲ್ಲಿ ಓಟಿದೆಯಾ? ನೆನಪೋಲೆ ಎಷ್ಟು, ಯಾವ ಭಾಷೆಯಲ್ಲಿ, ಮೇಲ್ ನೋಡದವರಿಗೆ ಫೋನ್ ಮಾಡೋರು ಯಾರು? ವಿನಾಯಿತಿ ಕೊಡೋರು ಯಾರು? ಉತ್ತರಗಳನ್ನ ಸರ್ವಸದಸ್ಯರ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಆಮೇಲೆ ಸೇವ್ ಒತ್ತೋದು ಎರಡು ನಿಮಿಷದ ಕೆಲಸ.