ಮಾತು ಯಾರದು, ಬೆರಳು ಯಾರದು

ಏಕಲವ್ಯನ ಕಥೆಯನ್ನು ನಮ್ಮ ಶಾಲೆಗಳಲ್ಲಿ ಪಾಠ ಮಾಡುವ ರೀತಿಯ ಬಗ್ಗೆ ನನಗೆ ಬಹಳ ಕಾಲದಿಂದ ಒಂದು ತಕರಾರಿದೆ. ಕಥೆಯ ಬಗ್ಗೆ ಅಲ್ಲ, ಕಥೆ ಮುಗಿದ ಮೇಲೆ ಕೇಳುವ ಪ್ರಶ್ನೆಯ ಬಗ್ಗೆ. 'ಏಕಲವ್ಯನ ಗುರುಭಕ್ತಿಯನ್ನು ವಿವರಿಸಿ' ಎಂದು ಕೇಳುತ್ತೇವೆ. ಉತ್ತರ ಗೈಡುಗಳಲ್ಲಿ ಸಿದ್ಧವಾಗಿರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ನಾವು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಅಂಕ ಕೊಡುತ್ತೇವೆ. ದ್ರೋಣನ ಬಗ್ಗೆ ಪ್ರಶ್ನೆ ಇದ್ದರೆ 'ದ್ರೋಣಾಚಾರ್ಯರು ಗುರುದಕ್ಷಿಣೆಯಾಗಿ ಏನನ್ನು ಕೇಳಿದರು?' ಎಂಬ ಒಂದು ಅಂಕದ್ದು. ಯಾಕೆ ಕೇಳಿದರು, ಕೇಳುವ ಹಕ್ಕು ಅವರಿಗೆ ಎಲ್ಲಿಂದ ಬಂತು ಎಂಬುದೆಲ್ಲ ಸಿಲಬಸ್ಸಿನಿಂದ ಹೊರಗೆ.

ಮೂಲದಲ್ಲಿ ಏನಿದೆಯೆಂದು ಒಮ್ಮೆ ನೋಡುವುದು ಒಳ್ಳೆಯದು. ವ್ಯಾಸಭಾರತದ ಆದಿಪರ್ವದಲ್ಲಿ ಇದು ಚಿಕ್ಕ ಪ್ರಸಂಗ. ನಿಷಾದರ ರಾಜ ಹಿರಣ್ಯಧನುವಿನ ಮಗ ಏಕಲವ್ಯ ಬಿಲ್ವಿದ್ಯೆ ಕಲಿಯಲು ದ್ರೋಣನ ಬಳಿಗೆ ಬರುತ್ತಾನೆ. ಅವನು ನಿಷಾದನೆಂದು, ಉಳಿದ ರಾಜಕುಮಾರರನ್ನು ಗಮನದಲ್ಲಿಟ್ಟುಕೊಂಡು, ದ್ರೋಣ ಅವನನ್ನು ಸೇರಿಸಿಕೊಳ್ಳುವುದಿಲ್ಲ. ಹುಡುಗ ಜಗಳವಾಡುವುದಿಲ್ಲ. ಕಾಲಿಗೆರಗಿ ಕಾಡಿಗೆ ಹೋಗಿ, ಮಣ್ಣಿನಲ್ಲಿ ದ್ರೋಣನ ಮೂರ್ತಿ ಮಾಡಿಕೊಂಡು ತಾನೇ ಅಭ್ಯಾಸ ಮಾಡುತ್ತಾನೆ. ಒಂದು ದಿನ ಪಾಂಡವರು ಬೇಟೆಗೆ ಬಂದಾಗ ಅವರ ನಾಯಿ ಇವನನ್ನು ನೋಡಿ ಬೊಗಳುತ್ತದೆ. ಇವನು ಅದರ ಬಾಯಿಗೆ ಒಟ್ಟಿಗೇ ಎಂಬಂತೆ ಏಳು ಬಾಣ ಬಿಡುತ್ತಾನೆ. ನಾಯಿ ಹಾಗೆಯೇ ಓಡಿ ಪಾಂಡವರ ಬಳಿಗೆ ಬರುತ್ತದೆ. ಅರ್ಜುನ ಊರಿಗೆ ಹಿಂತಿರುಗಿ, ಯಾರೂ ಇಲ್ಲದಾಗ ಗುರುವಿಗೆ ನೆನಪಿಸುತ್ತಾನೆ: ನನ್ನ ಶಿಷ್ಯರಲ್ಲಿ ನಿನ್ನನ್ನು ಮೀರಿಸುವವನು ಇರುವುದಿಲ್ಲ ಎಂದು ತಬ್ಬಿಕೊಂಡು ಹೇಳಿದ್ದಿರಲ್ಲ? ದ್ರೋಣ ಒಂದು ಗಳಿಗೆ ಯೋಚಿಸಿ, ಅರ್ಜುನನನ್ನು ಕರೆದುಕೊಂಡು ಕಾಡಿಗೆ ಹೊರಡುತ್ತಾನೆ. ಮುಂದಿನದು ಎಲ್ಲರಿಗೂ ಗೊತ್ತು.

ಆದರೆ ಎಲ್ಲರಿಗೂ ಗೊತ್ತಿಲ್ಲದ ಎರಡು ಮೂರು ಸಂಗತಿಗಳು ಇಲ್ಲಿವೆ. ನೀನು ನನ್ನ ಶಿಷ್ಯನೇ ಆದರೆ ಕೊಡು ಎಂದು ದ್ರೋಣ ಕೇಳುವ ಮಾತಿನಲ್ಲಿ ವ್ಯಾಸರು ಬಳಸಿದ ಶಬ್ದ ದಕ್ಷಿಣೆಯಲ್ಲ, 'ವೇತನ'. ತಿಂಗಳ ಕೊನೆಗೆ ಸಂಬಳದ ಪಟ್ಟಿಗೆ ಸಹಿ ಹಾಕುವ ನನ್ನಂಥವಳಿಗೆ ಈ ಶಬ್ದ ಚುಚ್ಚದೆ ಇರುವುದಿಲ್ಲ. ಒಂದು ದಿನವೂ ಪಾಠ ಹೇಳದ, ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ ಹುಡುಗನಿಂದ ವೇತನ! ಏಕಲವ್ಯನಿಗೆ ಕಲಿಸಿದ್ದು ಮಣ್ಣಿನ ಗೊಂಬೆ. ಸಂಬಳ ವಸೂಲಿಗೆ ಬಂದದ್ದು ಜೀವಂತ ಗುರು. ಎರಡನೆಯದು, ದ್ರೋಣನ ಆ ಮಾತನ್ನು ಕವಿ 'ದಾರುಣ' ಎಂದು ಕರೆಯುತ್ತಾನೆ. ಅಂದರೆ ನಾವು ಇಂದು ಹೊಸದಾಗಿ ಕಂಡುಕೊಂಡೆವೆಂದು ಬೀಗುವ ಕ್ರೌರ್ಯ ವ್ಯಾಸರಿಗೂ ಕಂಡಿತ್ತು. ಅದನ್ನು ಅಳಿಸಿ ಗುರುಭಕ್ತಿಯೊಂದನ್ನೇ ಉಳಿಸಿಕೊಂಡವರು ಆಮೇಲಿನ ನಾವು, ಮುಖ್ಯವಾಗಿ ಮೇಷ್ಟರುಗಳು.

ಮೂರನೆಯದೇ ನನ್ನನ್ನು ಹೆಚ್ಚು ಕಾಡಿದ್ದು. ಬೆರಳು ಕತ್ತರಿಸಿದ ಮೇಲೆ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಡುತ್ತಾನೆ. ಆದರೆ ಮೊದಲಿನ ವೇಗವಿಲ್ಲ. ಅರ್ಜುನನ ಮನಸ್ಸಿನ ಜ್ವರ ಇಳಿಯಿತು, ದ್ರೋಣ ಸತ್ಯವಂತನಾದ ಎಂದು ವ್ಯಾಸರು ಪ್ರಸಂಗ ಮುಗಿಸುತ್ತಾರೆ. ದ್ರೋಣ ಕೊಟ್ಟ ಮಾತು ನಿಜವಾಯಿತಂತೆ! ಬೆರಳು ಕತ್ತರಿಸಿಕೊಳ್ಳುವಾಗ ಏಕಲವ್ಯನನ್ನೂ ಕವಿ ಸತ್ಯದಲ್ಲಿ ನಿಂತವನೆಂದೇ ಹೇಳುತ್ತಾನೆ. ಗುರು ಸತ್ಯವಂತ, ಶಿಷ್ಯ ಸತ್ಯವಂತ, ಅರ್ಜುನನೂ ಸುಳ್ಳು ಹೇಳಿದವನಲ್ಲ. ಮೂವರು ಸತ್ಯವಂತರು ಸೇರಿದ ಜಾಗದಲ್ಲಿ ಒಂದು ಹೆಬ್ಬೆರಳು ನೆಲಕ್ಕೆ ಬಿತ್ತು. ಸತ್ಯ ಇದ್ದಲ್ಲಿ ನ್ಯಾಯ ಇರುತ್ತದೆ ಎಂದು ಗೋಡೆಯ ಮೇಲೆ ಬರೆಸುವ ನಾವು ಇದಕ್ಕೆ ಏನು ಹೇಳುತ್ತೇವೆ?

ಈ ಮಾತು ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ದ್ರೋಣನ ಪರ ವಹಿಸುವವರು ಇದ್ದೇ ಇರುತ್ತಾರೆ. 'ಅವನು ಹಸ್ತಿನಾವತಿಯ ಅನ್ನ ತಿಂದವನು ಮೇಡಂ, ಕೊಟ್ಟ ಮಾತು ಉಳಿಸಿಕೊಳ್ಳಬೇಡವೆ?' ಉಳಿಸಿಕೊಳ್ಳಲಿ. ಆದರೆ ಕೊಟ್ಟ ಮಾತು ದ್ರೋಣನದು, ಕತ್ತರಿಸಿಹೋದ ಬೆರಳು ಇನ್ನೊಬ್ಬನದು. ನಮ್ಮ ಸತ್ಯದ ಕಥೆಗಳನ್ನೆಲ್ಲ ಈ ಒಂದು ಪ್ರಶ್ನೆಯಿಂದ ತಿರುವಿ ನೋಡಬಹುದು: ಮಾತು ಯಾರದು, ಅದಕ್ಕೆ ಬೆಲೆ ತೆತ್ತವರು ಯಾರು? ಗೋವಿನ ಹಾಡಿನ ಪುಣ್ಯಕೋಟಿ ತನ್ನ ಮಾತಿಗೆ ತನ್ನ ಮೈಯನ್ನೇ ಕೊಡಲು ಹೊರಟಳು. ಆದ್ದರಿಂದಲೇ ಅವಳ ಮುಂದೆ ನಾವು ತಲೆಬಾಗುತ್ತೇವೆ. ಅಲ್ಲಿಯೂ ತಬ್ಬಲಿಯಾಗಬೇಕಿದ್ದ ಕರುವನ್ನು ಯಾರೂ ಒಂದು ಮಾತು ಕೇಳಿರಲಿಲ್ಲ, ಅದು ಬೇರೆ. ಹರಿಶ್ಚಂದ್ರನನ್ನು ತೆಗೆದುಕೊಳ್ಳಿ. ರಾಘವಾಂಕ ಎಷ್ಟು ದೊಡ್ಡ ಕವಿಯಾದರೂ, ಗಂಡನ ಸತ್ಯಕ್ಕಾಗಿ ಕಾಶಿಯ ಬೀದಿಯಲ್ಲಿ ಮಾರಾಟವಾದವರು ಚಂದ್ರಮತಿ ಮತ್ತು ರೋಹಿತಾಶ್ವ. ಕೊನೆಯಲ್ಲಿ ಹರಿಶ್ಚಂದ್ರ ತನ್ನನ್ನೂ ಮಾರಿಕೊಂಡನೆಂಬುದು ನಿಜ, ಆದರೆ ಸರದಿ ಬಂದದ್ದು ಅವರ ನಂತರ. ಹೆಣ್ಣುಮಕ್ಕಳ ತರಗತಿಯಲ್ಲಿ ಇದನ್ನು ಹೇಳಿದಾಗ ಒಂದು ಕ್ಷಣ ಎಲ್ಲರೂ ತಲೆಯೆತ್ತಿ ನೋಡುತ್ತಾರೆ.

ಭಾರತದಲ್ಲೇ ಇದಕ್ಕೆ ಎದುರಾದ ಇನ್ನೊಂದು ಪ್ರಸಂಗವಿದೆ. ದ್ರೋಣಪರ್ವದಲ್ಲಿ ಧರ್ಮರಾಯ, ಆನೆಯ ಹೆಸರನ್ನು ಮೆಲ್ಲಗೆ ನುಂಗಿಕೊಂಡು, ಅಶ್ವತ್ಥಾಮ ಸತ್ತನೆಂದು ಹೇಳುತ್ತಾನೆ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕೆ ಇಳಿಯುತ್ತದೆ. ಅರ್ಧ ಸುಳ್ಳಿಗೆ ತಕ್ಷಣದ ಶಿಕ್ಷೆ. ಏಕಲವ್ಯನ ಕಾಡಿನಿಂದ ಹಿಂತಿರುಗಿದಾಗ ದ್ರೋಣನ ರಥ ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ. ಸುಳ್ಳನ್ನು ಅಳೆಯಲು ನಮ್ಮ ಬಳಿ ಅಳತೆಗೋಲಿದೆ, ಕ್ರೂರವಾದ ಸತ್ಯವನ್ನು ಅಳೆಯಲು ಇಲ್ಲ. (ಹೆಬ್ಬೆರಳು ಹೋದ ಕೈಯಲ್ಲಿ ಉಳಿಯುವುದೂ ನಾಲ್ಕೇ ಬೆರಳು. ಕವಿ ಇದನ್ನು ಯೋಚಿಸಿ ಬರೆದನೋ ಇಲ್ಲವೋ, ಪಾಠ ಮಾಡುವಾಗ ನನಗೆ ನೆನಪಾಗದೆ ಇರುವುದಿಲ್ಲ.)

ಕನ್ನಡದಲ್ಲಿ ಈ ಕಥೆಯನ್ನು ಗಟ್ಟಿಯಾಗಿ ಎದುರು ಹಾಕಿಕೊಂಡವರು ಕುವೆಂಪು. 1947ರ 'ಬೆರಳ್‌ಗೆ ಕೊರಳ್' ಮೂರು ದೃಶ್ಯಗಳ ಚಿಕ್ಕ ನಾಟಕ. ಭಾಷೆ ಹಳಗನ್ನಡದ ವಾಸನೆಯದು, ಇಂದಿನ ಮಕ್ಕಳಿಗೆ ಸ್ವಲ್ಪ ತೊಡಕು. ಆದಿಪರ್ವದ ಪ್ರಸಂಗದಲ್ಲಿ ಏಕಲವ್ಯನ ತಂದೆಯ ಹೆಸರಿದೆ, ತಾಯಿಯ ಸುದ್ದಿಯೇ ಇಲ್ಲ. ಕುವೆಂಪು ತಾಯಿಯನ್ನು ತಂದರು. ಮಗನ ಕೈ ನೋಡಿದ ಆ ಕಾಡಿನ ಹೆಂಗಸು ಗುರುಭಕ್ತಿಯನ್ನು ಮೆಚ್ಚಿ ಸುಮ್ಮನಾಗುವುದಿಲ್ಲ. ಬೆರಳಿಗೆ ಪ್ರತಿಯಾಗಿ ಕೊರಳನ್ನು ಕೇಳುತ್ತಾಳೆ. ನಾಟಕದ ಹೆಸರೇ ಅದು. ಮುಂದೆ ಕುರುಕ್ಷೇತ್ರದಲ್ಲಿ ಬೀಳಲಿರುವ ದ್ರೋಣನ ತಲೆಗೆ ಕುವೆಂಪು ಕಾಡಿನಲ್ಲೇ ಲೆಕ್ಕ ಬರೆದಿಟ್ಟರು. ವ್ಯಾಸರಲ್ಲಿ ಇಳಿಯದ ರಥವನ್ನು ಇಲ್ಲಿ ತಾಯಿಯೊಬ್ಬಳು ಇಳಿಸಿದಳು.

ಆದರೂ ನನಗೆ ಒಂದು ಅತೃಪ್ತಿ ಇದೆ, ಹೇಳಿಬಿಡುತ್ತೇನೆ. ಶಾಪ ಫಲಿಸಿತು ಎಂದಾಗ ನೋಡುವವರ ಮನಸ್ಸಿಗೆ ಸಮಾಧಾನವಾಗುತ್ತದೆ. ಬೆರಳಿಗೆ ಕೊರಳು, ಲೆಕ್ಕ ಚುಕ್ತಾ. ಆದರೆ ದ್ರೋಣ ಸತ್ತ ಮಾತ್ರಕ್ಕೆ ಆ ಹುಡುಗನಿಗೆ ಶಾಲೆಯ ಬಾಗಿಲು ತೆರೆಯುವುದಿಲ್ಲವಲ್ಲ? ವಿಧಿಯ ಕೈಗೆ ಬಿಟ್ಟ ನ್ಯಾಯ ಕಾವ್ಯಕ್ಕೆ ಸಾಕು, ಊರಿಗೆ ಸಾಲದು. ಕುವೆಂಪು ಅವರ ನಂತರ ಸಿದ್ಧಲಿಂಗಯ್ಯನವರೂ 'ಏಕಲವ್ಯ' ಎಂಬ ನಾಟಕ ಬರೆದರು. ನಮ್ಮ ಪ್ರಶ್ನೆಪತ್ರಿಕೆ ಮಾತ್ರ ಇದ್ದಲ್ಲೇ ಇದೆ.

ಸರ್ಕಾರಗಳು ಈ ಕಥೆಯ ಎಲ್ಲ ಪಾತ್ರಗಳನ್ನೂ ಒಟ್ಟಿಗೆ ಸಾಕಿಕೊಂಡಿವೆ. ಕೇಂದ್ರದವರು ಒಳ್ಳೆಯ ಆಟಗಾರರಿಗೆ 1961ರಿಂದ ಅರ್ಜುನ ಪ್ರಶಸ್ತಿ, ತರಬೇತುದಾರರಿಗೆ 1985ರಿಂದ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತ ಬಂದಿದ್ದಾರೆ. ನಮ್ಮ ಕರ್ನಾಟಕದವರು ಕ್ರೀಡಾಪಟುಗಳಿಗೆ ಏಕಲವ್ಯ ಪ್ರಶಸ್ತಿ ಕೊಡುತ್ತಾರೆ. ಬುಡಕಟ್ಟಿನ ಮಕ್ಕಳಿಗಾಗಿ ಕೇಂದ್ರ ಆರಂಭಿಸಿದ ವಸತಿ ಶಾಲೆಗಳಿಗೆ ಏಕಲವ್ಯನ ಹೆಸರು. ಶಾಲೆ ಸಿಗದ ಹುಡುಗನ ಹೆಸರು ಶಾಲೆಗೆ! 2016ರಲ್ಲಿ ಗುರ್‌ಗಾಂವ್ ಗುರುಗ್ರಾಮವಾಯಿತು, ದ್ರೋಣನ ಊರೆಂಬ ನಂಬಿಕೆಯಿಂದ. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಹೊರಟು 1988, 1992, 1996ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಬಾಣ ಬಿಟ್ಟ. ಅವನಿಗೆ ಸಿಕ್ಕಿದ ಪ್ರಶಸ್ತಿ ಅರ್ಜುನನದು. ಇದಕ್ಕೆ ನಗಬೇಕೋ ಏನು ಮಾಡಬೇಕೋ ತಿಳಿಯುವುದಿಲ್ಲ. ಇಂದಿನ ಒಲಿಂಪಿಕ್ಸ್ ಬಿಲ್ಲುಗಾರರು ಹೆದೆಯನ್ನು ಎಳೆಯುವುದು ಮೂರು ಬೆರಳುಗಳಿಂದ. ಹೆಬ್ಬೆರಳಿಗೆ ಹೆದೆಯ ಮೇಲೆ ಕೆಲಸವಿಲ್ಲ. ವಿದ್ಯೆಯ ತಂತ್ರ ಹೀಗೆ ಬದಲಾಗುತ್ತದೆ. ಯಾವ ಬೆರಳು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಸ್ಥಾನ ಬದಲಾಗುವುದು ಅಷ್ಟು ಸುಲಭವಲ್ಲ.

ಹೆಬ್ಬೆರಳಿನ ಮಾತು ಬಂತಲ್ಲ, ಕನ್ನಡದಲ್ಲಿ ಅದಕ್ಕೆ ಇನ್ನೊಂದು ಕಥೆಯಿದೆ. 'ಅವನು ಹೆಬ್ಬೆಟ್ಟು' ಎಂದರೆ ಓದುಬರಹ ಬಾರದವನು. ಸಾಲದ ಪತ್ರಕ್ಕೆ, ಜಮೀನಿನ ಪತ್ರಕ್ಕೆ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಎಷ್ಟು ಜನ ಬೀದಿಗೆ ಬಿದ್ದರೋ ಲೆಕ್ಕವಿಲ್ಲ. ಅಲ್ಲಿ ಯಾರೂ ಬೆರಳು ಕತ್ತರಿಸಬೇಕಾಗಿರಲಿಲ್ಲ, ಮಸಿ ಹಚ್ಚಿದರೆ ಸಾಕಿತ್ತು. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಸಂಜೆ ಲಾಟೀನಿನ ಬೆಳಕಿನಲ್ಲಿ ಸ್ಲೇಟು ಹಿಡಿದು ಕೂತ ಹೆಂಗಸರ ಮೊದಲ ಆಸೆ, ಹೆಬ್ಬೆಟ್ಟು ಬಿಟ್ಟು ತಮ್ಮ ಹೆಸರು ಬರೆಯುವುದು. ಹೆಸರಿನ ಕೊನೆಯ ಅಕ್ಷರ ಮುಗಿದಾಗ ಅವರ ಮುಖದಲ್ಲಿ ಮೂಡುತ್ತಿದ್ದುದನ್ನು ನೋಡಿದವರಿಗೆ ವಿದ್ಯೆ ಎಂದರೇನು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಈಗ ಅದೇ ಹೆಂಗಸರು ನ್ಯಾಯಬೆಲೆ ಅಂಗಡಿಯ ಮುಂದೆ ಮತ್ತೆ ಹೆಬ್ಬೆಟ್ಟು ಚಾಚಿ ನಿಂತಿದ್ದಾರೆ. ಬರೆಯಲು ಕಲಿತ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಗುರುತಿನ ಪ್ರಾಧಿಕಾರ 2009ರಲ್ಲಿ ಆರಂಭವಾದಾಗ ಅದರ ಮುಖ್ಯಸ್ಥರಾದವರು ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ. ಮೊಟ್ಟಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ. ಆ ಜಿಲ್ಲೆ ತುಂಬ ಆದಿವಾಸಿಗಳು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತುತ್ತಿದ್ದವರು, ಇಲ್ಲದ ಮನೆಗೆ ಕಾರ್ಡು ಮಾಡಿಸಿಕೊಂಡವರು ನಮ್ಮ ಊರುಗಳಲ್ಲಿ ಇದ್ದರು, ಅವರಿಗೆ ಇದರಿಂದ ಕಷ್ಟವಾಗಿದೆ. ಆಗಲಿ.

ನಮ್ಮ ಕಡೆ ಅಡಿಕೆ ಸುಲಿಯುವ ಹೆಂಗಸರ ಕೈ ನೋಡಿದ್ದೀರಾ? ಮೆಟ್ಟುಗತ್ತಿಯ ಮುಂದೆ ವರ್ಷಗಟ್ಟಲೆ ಕೂತು, ಹಸಿ ಸಿಪ್ಪೆಯ ಚೊಗರು ಹತ್ತಿ, ಬೆರಳ ತುದಿ ಕಪ್ಪಾಗಿ ಒರಟಾಗಿ ಗೆರೆ ಸವೆದಿರುತ್ತದೆ. ನಮ್ಮ ಒಬ್ಬ ವಿದ್ಯಾರ್ಥಿಯ ಅಜ್ಜಿ ದಾರಿಯಲ್ಲಿ ಸಿಕ್ಕಿದಾಗ ಖಾಲಿ ಚೀಲ ತೋರಿಸಿ, 'ಅಕ್ಕೋರೆ, ನಾ ನಾನಲ್ವಂತೆ!' ಎಂದು ನಕ್ಕಳು. ಮೂರು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲವಂತೆ. ಅಂಗಡಿಯವನಿಗೆ ಅವಳು ಗೊತ್ತು, ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತು, ಅವಳ ಮದುವೆಗೆ ಬಂದವರೂ ಅಲ್ಲಿದ್ದರಂತೆ. 'ನಾನೇನು ಮಾಡಲಿ, ಮಷೀನು ತಗೊಳ್ತಿಲ್ಲ' ಎಂದನಂತೆ ಅಂಗಡಿಯವನು. ಅವನು ಸುಳ್ಳು ಹೇಳಲಿಲ್ಲ. ಯಂತ್ರವೂ ಸುಳ್ಳು ಹೇಳಲಿಲ್ಲ. ಒತ್ತಿದ ಗುರುತು ದಾಖಲೆಗೆ ಹೊಂದಲಿಲ್ಲ ಎಂದಿತು, ಅಷ್ಟೆ. ದುಡಿದು ಸವೆದ ಬೆರಳಿಗೆ ದಂಡ, ದುಡಿಯದ ನುಣುಪು ಬೆರಳಿಗೆ ಅಕ್ಕಿ.

ಈ ವ್ಯವಸ್ಥೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತರ ಮೇಲೆ ವಯಸ್ಸು. 2018ರ ಸೆಪ್ಟೆಂಬರಿನ ತೀರ್ಪಿನಲ್ಲಿ ಬಹುಮತದ ನ್ಯಾಯಮೂರ್ತಿಗಳು ಸರ್ಕಾರದ ಸವಲತ್ತುಗಳಿಗೆ ಆಧಾರ್ ಬಳಸುವುದನ್ನು ಒಪ್ಪಿದರು. ಗುರುತು ತಾಳೆಯಾಗಲಿಲ್ಲವೆಂದು ಅರ್ಹರಿಗೆ ಸವಲತ್ತು ತಪ್ಪಿಸಬಾರದೆಂದೂ ಹೇಳಿದರು. ನ್ಯಾಯಮೂರ್ತಿ ಚಂದ್ರಚೂಡರು ಒಬ್ಬರೇ ಭಿನ್ನಮತ ಬರೆದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ತೀರ್ಪಿನ ಆ ಮಾತು ದಿಲ್ಲಿಯಿಂದ ನಮ್ಮ ಊರಿನ ಅಂಗಡಿಯ ಕಟ್ಟೆಯವರೆಗೆ ಬರಲು ಎಷ್ಟು ಕಾಲ ಬೇಕೋ.

ತೀರ್ಪಿಗೆ ಒಂದು ವರ್ಷ ಮೊದಲು, 2017ರಲ್ಲಿ, ಜಾರ್ಖಂಡದ ಸಿಮ್‌ಡೇಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಜೋಡಿಸಿಲ್ಲವೆಂದು ಮನೆಯ ಪಡಿತರ ಚೀಟಿ ರದ್ದಾಗಿತ್ತು, ಮಗಳು ಅನ್ನವಿಲ್ಲದೆ ಸತ್ತಳು ಎಂದು ತಾಯಿ ಹೇಳಿದಳು. ಮಲೇರಿಯದಿಂದ ಸತ್ತದ್ದು ಎಂದು ಅಧಿಕಾರಿಗಳು ಹೇಳಿದರು. ಇಂಥ ಹೊತ್ತಿನಲ್ಲಿ ಕುವೆಂಪು ಆ ಕಾಡಿನ ತಾಯಿಯನ್ನು ರಂಗದ ಮೇಲೆ ಯಾಕೆ ಕರೆತಂದರು ಎಂದು ಅರ್ಥವಾಗುತ್ತದೆ. ದಾಖಲೆಯ ಬಾಯಿಂದ ಬರುವ ಸತ್ಯಕ್ಕೆ ಎದುರು ಹೇಳಬಲ್ಲವಳು ಅವಳೊಬ್ಬಳೇ. ಅವಳ ಮಾತಿಗೆ ಸಾಕ್ಷಿ ಪತ್ರ ಇರುವುದಿಲ್ಲ.

ಕಳೆದ ಕೆಲವು ವರ್ಷಗಳಿಂದ ಈ ಪಾಠ ಮುಗಿದ ಮೇಲೆ ನಾನು ತರಗತಿಯಲ್ಲಿ ಬೇರೆ ಪ್ರಶ್ನೆ ಕೇಳುತ್ತೇನೆ: ದ್ರೋಣ ಏಕಲವ್ಯನಿಗೆ ಏನು ಕಲಿಸಿದ? ಅರ್ಜುನ ಅಲ್ಲೇ ನಿಂತಿದ್ದನಲ್ಲ, ಅವನು ಏನು ಹೇಳಬಹುದಿತ್ತು? ಮಕ್ಕಳು ಗೈಡು ಮುಚ್ಚಿಟ್ಟು ಮಾತಾಡುತ್ತಾರೆ. ಒಬ್ಬ ಹುಡುಗಿ, ಬಲಗೈಯ ಹೆಬ್ಬೆರಳಿಲ್ಲದೆ ಅವನು ಅನ್ನ ಹೇಗೆ ಕಲಸಿ ಉಣ್ಣುತ್ತಿದ್ದ ಟೀಚರ್ ಎಂದು ಕೇಳಿದಳು. ಬಿಲ್ಲಿನ ಬಗ್ಗೆಯೇ ಯೋಚಿಸುವ ಪಂಡಿತರಾರಿಗೂ ಇದು ಹೊಳೆದಂತಿಲ್ಲ. ಪರೀಕ್ಷೆಯಲ್ಲಿ ಮಾತ್ರ ಗುರುಭಕ್ತಿಯನ್ನೇ ಬರೆಯಿರಿ ಎಂದು ಹೇಳಿ ಕಳಿಸಬೇಕಾಗುತ್ತದೆ. ಅಂಕ ಕೊಡುವವರು ಬೇರೆ ಊರಿನವರು.

ಅಡಿಕೆ ಸುಲಿಯುವ ಆ ಅಜ್ಜಿಗೆ ಈಗ ಅಕ್ಕಿ ಸಿಗುತ್ತಿದೆ. ಮನೆಯಲ್ಲಿ ಯಾರ ಬೆರಳಾದರೂ ಆಗುತ್ತದಂತೆ. ಮಗ ಸೊಸೆ ಕೆಲಸಕ್ಕೆ ಘಟ್ಟದ ಕೆಳಗೆ ಹೋಗಿದ್ದಾರೆ, ಹಾಗಾಗಿ ಮೊಮ್ಮಗ ಹೋಗಿ ಒತ್ತುತ್ತಾನೆ. ಹತ್ತನೆಯ ತರಗತಿಯ ಹುಡುಗ, ಬೆರಳು ಇನ್ನೂ ಸವೆದಿಲ್ಲ. ಸರ್ವರ್ ಇಲ್ಲದ ದಿನ ಬೆಳಗ್ಗೆ ಹೋದವನು ಸಂಜೆಯವರೆಗೂ ಚೀಲ ಹಿಡಿದು ಅಲ್ಲೇ ನಿಂತಿರುತ್ತಾನೆ. ಆ ದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿ ಹಾಕುತ್ತೇನೆ.